ಕಾಮೆನ್ ಬ್ರೋಡ್ ಆಸ್ಪತ್ರೆಯ ಗೋಡೆ

ಎಕ್ಸ್-ರೇ ಕೋಣೆಯ ಹಳೇ ಜೋಡಿ ಗೋಡೆ ಒಡೆಯುವಾಗ ಸಂದಿಯಿಂದ ಒಂದು ಕಾಲು ಜಾರಿ ಬಿತ್ತು. ಬರೀ ಮೂಳೆ. ಅದಕ್ಕೆ ಮರದ ದಬ್ಬೆ ಕಟ್ಟಿತ್ತು.

ಕೂಲಿಗಳು ಸುತ್ತಿಗೆ ಬಿಸಾಕಿ ಹೊರಗೋಡಿದರು.

ಇನ್ಸ್‌ಪೆಕ್ಟರ್ ಯೊವ್ಕಾ ತ್ಸಾನೆವಾ ಟಾರ್ಚ್ ಬಿಟ್ಟು ನೋಡಿದಳು. ಒಡೆದ ತಲೆಬುರುಡೆ. ಕೊಳೆತ ನರ್ಸ್ ಉಡುಪು. ಎದೆಯ ಮೇಲೆ ತಗಡಿನ ಬಿಲ್ಲೆ: ನೆದೆಲ್ಯಾ.

ಕಾಮೆನ್ ಬ್ರೋಡ್ ಊರಿಗೆಲ್ಲ ಗೊತ್ತಿದ್ದ ಹೆಸರು. ಏಳು ವರ್ಷದ ಮಗಳನ್ನು ಬಿಟ್ಟು, ಯಾವನೋ ಲಾರಿ ಡ್ರೈವರ್ ಜೊತೆ ಗಡಿ ದಾಟಿದವಳು. ಹಾಗಂತ ಊರು ನಲವತ್ತು ವರ್ಷ ಆಡಿಕೊಂಡಿತ್ತು.

ಅವಳು ಮಾಯವಾದದ್ದು ಆಸ್ಪತ್ರೆ ಮೇಲೇಳುತ್ತಿದ್ದ ವರ್ಷ. ಅದಕ್ಕೂ ಮೊದಲು ಬಸುರಿಯರು ಘಟ್ಟದ ದಾರಿಯಲ್ಲೇ ಸಾಯುತ್ತಿದ್ದರು. ಸರ್ಕಾರ ಕಿವಿಗೆ ಹಾಕಿಕೊಳ್ಳದಿದ್ದಾಗ ಜನರೇ ನದಿಯಿಂದ ಕಲ್ಲು ಹೊತ್ತರು. ಮುಂದೆ ನಿಂತವರು, ನೆದೆಲ್ಯಾ ಯಾರ ಕೈಕೆಳಗೆ ನರ್ಸಾಗಿದ್ದಳೋ ಆ ಡಾಕ್ಟರ್ ಲ್ಯುಬೆನ್ ಗೆರ್ಗೊವ್. ಬರುವ ವಾರ ಆಸ್ಪತ್ರೆಗೆ ಅವರ ಹೆಸರಿಡುವುದಿತ್ತು.

* * *

ಎಲ್ಲರ ಬೆರಳೂ ಗಾರೆ ಕೆಲಸದ ಕೊಸ್ತಾನ ಕಡೆ ತಿರುಗಿತು. ಗೋಡೆ ಅವನದು. ನೆದೆಲ್ಯಾಳ ಹಿಂದೆ ಬಿದ್ದಿದ್ದವನೂ ಅವನೇ.

"ಬೇಡ ಅಂದ್ಲು ಅಂತ ಕೊಂದ್ಯಾ?" ಯೊವ್ಕಾ ಕೇಳಿದಳು.

"ಬೇಡ ಅಂದಿದ್ದು ನಿಜ ತಾಯಿ. ಅದಕ್ಕೆ ಕುಡಿದೆ, ಅತ್ತೆ, ಇನ್ನೊಬ್ಬಳನ್ನ ಮದುವೆಯಾದೆ." ಮುದುಕ ಕೆಮ್ಮಿದ. "ಆ ಗೋಡೆ ಶನಿವಾರ ಸೊಂಟದೆತ್ತರ ಇತ್ತು. ಭಾನುವಾರ ನಮಗೆ ರಜ. ಸೋಮವಾರ ಬಂದ್ರೆ ಸೂರು ಮುಟ್ಟಿತ್ತು. ಮಿಕ್ಕಿದ್ದು ಯಾರು ಕಟ್ಟಿದ್ರು ಅಂತ ಇಸ್ಕೂಲ್ ಮಕ್ಕಳನ್ನ ಕೇಳಿ."

ಕೇಳುವ ಅಗತ್ಯವಿರಲಿಲ್ಲ. ಆ ಭಾನುವಾರ ಡಾಕ್ಟರು ಒಬ್ಬರೇ ಅಂಗಿ ತೋಳು ಮಡಿಸಿ ಇಟ್ಟಿಗೆ ಜೋಡಿಸಿದ ಕಥೆ ಯೊವ್ಕಾಳೂ ಶಾಲೆಯಲ್ಲಿ ಒಪ್ಪಿಸಿದ್ದಳು.

* * *

ನೆದೆಲ್ಯಾಳ ಮಗಳು ಮಾಲಿನಾ ಅಳಲಿಲ್ಲ.

"ಆ ಭಾನುವಾರ ಹೊರಡುವಾಗ ನಿಮ್ಮಮ್ಮ ಏನಂದ್ಲು?" ಯೊವ್ಕಾ ಕೇಳಿದಳು.

"'ಆ ಕೂಸು ಸಾಯಬಾರದಿತ್ತು. ಡಾಕ್ಟರ ಮುಖಕ್ಕೇ ಹೇಳಿ ಬರ್ತೀನಿ' ಅಂದ್ಲು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಓಡಿಹೋದವಳ ಮಗಳನ್ನ ಯಾರು ಕೇಳಿದ್ರು?"

* * *

ಡಾಕ್ಟರು ದ್ರಾಕ್ಷಿ ಚಪ್ಪರದಡಿ ಕೂತಿದ್ದರು.

"ಗೋಡೆ ನೀವು ಕಟ್ಟಿದ್ದು ಊರಿಗೇ ಗೊತ್ತು ಡಾಕ್ಟ್ರೇ. ಒಬ್ಬರೇ ಯಾಕೆ ಕಟ್ಟಿದ್ರಿ?"

"ಅವಸರ ಇತ್ತಮ್ಮ."

"ಇತ್ತು, ಹೆಣ ಮುಚ್ಚೋ ಅವಸರ. ಕೊಸ್ತಾ ಕೊಂದಿದ್ರೆ ಮುರಿದ ಕಾಲಿಗೆ ದಬ್ಬೆ ಕಟ್ತಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಕಟ್ಟೋಕೆ ಅವನಿಗೆ ಬರ್ತಾನೂ ಇರಲಿಲ್ಲ. ಸತ್ತವರಿಗೆ ಯಾರೂ ದಬ್ಬೆ ಕಟ್ಟಲ್ಲ. ಅಂದ್ರೆ ಕಾಲು ಮುರಿದಾಗ ಅವಳು ಬದುಕಿದ್ಲು. ತಲೆ ಒಡೆದದ್ದು ಆಮೇಲೆ."

ಡಾಕ್ಟರು ಚಪ್ಪರದ ಕಂಬ ಹಿಡಿದು ಎದ್ದರು, ಮತ್ತೆ ಕೂತರು.

"ಆಸ್ಪತ್ರೆ ಮೆಟ್ಟಿಲ ಮೇಲಿಂದ ತಳ್ಳಿದ್ದು ಸಿಟ್ಟಲ್ಲಿ. ತಕ್ಷಣ ಇಳಿದು ಕಾಲು ಕೂರಿಸಿದೆ. ಕ್ಷಮಿಸು ಅಂತ ಅತ್ತೆ. 'ಕುಡಿದು ಆಪರೇಷನ್ ಕತ್ತಿ ಹಿಡಿದ್ರಿ, ಕೂಸು ಸತ್ತಿದ್ದು ಅದಕ್ಕೇ ಅಂತ ತಾಯಿಗೆ ಹೇಳೇ ಹೇಳ್ತೀನಿ' ಅಂದ್ಲು. ಪಕ್ಕದಲ್ಲೇ ಇಟ್ಟಿಗೆ ಇತ್ತು." ಅವರು ಕೈ ನೋಡಿಕೊಂಡರು. "ಅವತ್ತಿಂದ ಒಂದು ತೊಟ್ಟು ಕುಡಿದಿಲ್ಲ. ನಾನು ಜೈಲಿಗೆ ಹೋಗಿದ್ರೆ ಈ ಆಸ್ಪತ್ರೆ ಇರ್ತಿತ್ತಾ? ನೀನು ಹುಟ್ಟಿದ್ದು ನನ್ನ ಕೈಯಲ್ಲೇ ಅಲ್ವಾ?"

"ಹೌದು," ಎಂದಳು ಯೊವ್ಕಾ. "ಏಳಿ, ಹೋಗೋಣ."

* * *

ಊರು ಡಾಕ್ಟರ ಮೇಲೆ ಸಿಟ್ಟಾಗಲಿಲ್ಲ. ಯೊವ್ಕಾಳ ಮೇಲೆ ಆಯಿತು. "ಸತ್ತವಳು ಎದ್ದು ಬರ್ತಾಳಾ? ಮುದುಕನ ಮರ್ಯಾದೆ ತೆಗೆದ್ರಿ," ಎಂದಳು ಬ್ರೆಡ್ಡಿನಂಗಡಿಯವಳು, ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಕುಕ್ಕುತ್ತ.

ಸತ್ತವರ ಫೋಟೋ ಅಚ್ಚು ಹಾಕಿಸಿ ಕಂಬ, ಬಾಗಿಲುಗಳಿಗೆ ಅಂಟಿಸುವುದು ಆ ಊರಿನ ಪದ್ಧತಿ. ಮಾಲಿನಾ ಅಮ್ಮನ ಫೋಟೋ ಹಿಡಿದು ಬೀದಿ ಬೀದಿ ತಿರುಗಿದಳು. ಫೋಟೋದಲ್ಲಿದ್ದವಳು ಈಗ ಅವಳ ಮಗಳಂತೆ ಕಾಣುತ್ತಿದ್ದಳು. ಕೊನೆಯದನ್ನು ಆಸ್ಪತ್ರೆಯ ಗೇಟಿಗೆ ಅಂಟಿಸಿದಳು.

ಬೆಳಗಾಗುವಷ್ಟರಲ್ಲಿ ಯಾರೋ ಹರಿದಿದ್ದರು.

ಅವಳು ಮನೆಗೆ ಹೋಗಿ ಗೋಂದಿನ ಡಬ್ಬಿ ತಂದಳು. ಇನ್ನೊಂದು ಅಂಟಿಸಿದಳು.