ಸದ್ದಿಲ್ಲದಾಗ ಒತ್ತಿದ ಬಟನ್

ಗಾಜಿನ ಆಚೆ ಕೂತಿದ್ದ ಡ್ರೈವರ್ ಮತ್ತೆ ಬಟನ್ ಒತ್ತಿದ. ಅವಳ ಮುಂದಿನ ಕಿವಿ ಪರೀಕ್ಷೆಯ ಯಂತ್ರದಲ್ಲಿ ಕೆಂಪು ದೀಪ ಹತ್ತಿ ಆರಿತು. ಸದ್ದು ಕೇಳಿಸಿದಾಗ ಮಾತ್ರ ಒತ್ತಬೇಕು. ಆದರೆ ಅವಳು ಸದ್ದನ್ನೇ ಕಳಿಸಿರಲಿಲ್ಲ.

ಅವಳಿಗೆ ಸಿಟ್ಟು ಬರುವುದು ನಿಂತು ಬಹಳ ಕಾಲವಾಗಿತ್ತು. ಆದರೂ ಎದ್ದು ಹೋಗಿ, ಹೊರಗಿನ ಸದ್ದು ಒಳಗೆ ಬಾರದಂತೆ ಮಾಡಿದ ಆ ಪುಟ್ಟ ಕೋಣೆಯ ದಪ್ಪ ಬಾಗಿಲನ್ನು ಎಳೆದು ತೆಗೆದಳು.

"ಏನ್ ಕೇಳಿಸ್ತು ನಿಮಗೆ?"

ಅವನು ಹೆಡ್‌ಫೋನನ್ನು ಒಂದು ಕಡೆ ಸರಿಸಿದ. "ಏನೋ ಇತ್ತು ಮೇಡಂ."

"ಏನೂ ಇರಲಿಲ್ಲ. ನಾನು ಕಳಿಸಿದ್ರೆ ತಾನೇ ಇರೋದು?"

ಅವನು ಅವಳನ್ನು ನೋಡಿದ. ಆಮೇಲೆ ಕೈಯಲ್ಲಿದ್ದ ಬಟನ್ ನೋಡಿದ. "ಅಂದ್ರೆ ಈ ಡಬ್ಬದೊಳಗೆ ನಿಮ್ಮನ್ನ ಬಿಟ್ಟು ಬೇರೆ ಯಾರೂ ಏನೂ ಕಳಿಸೋ ಹಾಗಿಲ್ಲ ಅನ್ನಿ."

"ಹಾಗಿಲ್ಲ."

"ತುಂಬ ಸ್ಟ್ರಿಕ್ಟು," ಎಂದು ಅವನು ಹೆಡ್‌ಫೋನ್ ಮತ್ತೆ ಸರಿಮಾಡಿಕೊಂಡ.

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕಿವಿ ಮೇಡಂ ಎನ್ನುತ್ತಿದ್ದರು. ಬಸ್ ಡಿಪೋದಿಂದ ತಪಾಸಣೆಗೆ ಬರುವ ಡ್ರೈವರುಗಳ ಆಟವೆಲ್ಲ ಅವಳಿಗೆ ಗೊತ್ತಿತ್ತು. ಕಿವಿ ಮಂದವಾದವರು ಕೆಲಸ ಉಳಿಸಿಕೊಳ್ಳಲು ಸುಮ್ಮಸುಮ್ಮನೆ ಒತ್ತುತ್ತಾರೆ. ಕತ್ತಲಲ್ಲಿ ಕಲ್ಲು ಎಸೆದ ಹಾಗೆ, ಬಿದ್ದರೆ ಹಣ್ಣು. ಆದರೆ ಅಂಥವರು ಗಾಜಿನೊಳಗಿಂದ ಅವಳ ಕೈಯನ್ನೇ ನೋಡುತ್ತಿರುತ್ತಾರೆ. ಇವನು ಕಣ್ಣು ಮುಚ್ಚಿದ್ದ.

ಜನ ಆಲಿಸುವ ಮುಖವನ್ನು ದಿನವಿಡೀ ನೋಡುವುದೇ ಅವಳ ಕೆಲಸ. ಹುಬ್ಬು ಗಂಟಿಕ್ಕಿದ ಮುಖ, ಹೆದರಿದ ಮುಖ, ಪರೀಕ್ಷೆಗೆ ಕೂತ ಹುಡುಗರ ಮುಖ. ಇವನದು ಹಾಗಿರಲಿಲ್ಲ. ಬರುತ್ತೇನೆಂದವರು ಬಂದೇ ಬರುತ್ತಾರೆ ಎಂದು ಬಾಗಿಲ ಕಡೆ ತಿರುಗಿ ಕೂತವನ ಮುಖ.

ಅವಳು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅದನ್ನು ನೋಡಿದಳು. ಆಮೇಲೆ, ಫಲಿತಾಂಶ ನಂಬುವಂತಿಲ್ಲ, ಇನ್ನೊಮ್ಮೆ ಬರಬೇಕು ಎಂದು ಹೇಳಿ ಕಳಿಸಿದಳು.

ಬೆಳಗಿನ ಮೊದಲ ಬಸ್ಸಿನ ಡ್ರೈವರ್ ಅವನೇ ಎಂಬುದು ಅವಳಿಗೆ ಎರಡು ದಿನ ಬಿಟ್ಟು ಗೊತ್ತಾಯಿತು. ಆಗಾಗ ಅದೇ ಬಸ್ಸಿನಲ್ಲಿ ಹೋಗುತ್ತಿದ್ದರೂ ಡ್ರೈವರ್ ಎಂಬುವವನಿಗೆ ಮುಖವಿರುತ್ತದೆ ಎಂಬುದು ಅವಳ ಗಮನಕ್ಕೆ ಬಂದಿರಲಿಲ್ಲ. ಗಂಡ ಹೋದ ಮೇಲೆ ಅವಳಿಗೆ ಯಾರ ಮುಖವೂ ಗಮನಕ್ಕೆ ಬಂದಿರಲಿಲ್ಲ. ಆಫೀಸಿನಲ್ಲಿ ಕುರ್ಚಿಯಿಂದ ಏಳುತ್ತ ಕುಸಿದ ಗಂಡ ಮತ್ತೆ ಏಳಲಿಲ್ಲ. ಅಷ್ಟೆ, ಒಂದು ಮಧ್ಯಾಹ್ನದ ಕೆಲಸ.

"ಬನ್ನಿ ಮೇಡಂ," ಎಂದ ಡ್ರೈವರ್, ಕನ್ನಡಿಯಲ್ಲಿ ಅವಳನ್ನು ಕಂಡು. "ಮುಂದೆ ಕೂತ್ಕೊಳ್ಳಿ. ನಿಮ್ಮ ಡಬ್ಬಕ್ಕಿಂತ ನಮ್ಮದು ದೊಡ್ಡದು."

ಅವಳು ಅವನ ತಲೆಯ ಮೇಲಿದ್ದ ಬೋರ್ಡು ತೋರಿಸಿದಳು. "ಡ್ರೈವರ್ ಜೊತೆ ಮಾತಾಡಬಾರದು ಅಂತ ಬರೆದಿದೆ."

"ಡ್ರೈವರ್ ಮಾತಾಡಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ."

ಹಾಗೆ ಶುರುವಾಯಿತು. ಸಿಗ್ನಲ್ ಕೆಂಪಾದಾಗ ಮಾತು, ಹಸಿರಾದಾಗ ಮೌನ. ಅವಳು ಹೇಳಿದ್ದು ಅವನಿಗೆ ಕೆಲವು ಸಲ ಕೇಳಿಸುತ್ತಿರಲಿಲ್ಲ. ಆಗ ಅವನು ಕನ್ನಡಿಯಲ್ಲಿ ಅವಳ ತುಟಿ ನೋಡುತ್ತಿದ್ದ. ಅವಳಿಗೆ ಅದು ಗೊತ್ತಾಗುತ್ತಿತ್ತು. ಕಸುಬಿನ ಕಣ್ಣು, ಗೊತ್ತಾಗದೆ ಇರುತ್ತದೆಯೇ? ಗೊತ್ತಾದರೂ ಅವಳು ಮುಖ ತಿರುಗಿಸುತ್ತಿರಲಿಲ್ಲ.

"ನಿಜ ಹೇಳಿ, ಅವತ್ತು ಯಾಕೆ ಒತ್ತಿದ್ರಿ?" ಎಂದು ಒಂದು ಬೆಳಿಗ್ಗೆ ಕೇಳಿದಳು.

"ನೀವು ನಗ್ತೀರ."

"ನಾನು ನಗಲ್ಲ. ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಅವನು ಗೇರ್ ಬದಲಾಯಿಸಿದ. "ಡಿಪೋದಿಂದ ತೆಗೆದಾಗ ಈ ಬಸ್ಸು ಖಾಲಿ ಇರುತ್ತಲ್ಲ. ಕಂಡಕ್ಟರ್ ಮುಂದಿನ ಸ್ಟಾಪಲ್ಲಿ ಹತ್ತೋದು. ಅಲ್ಲಿವರೆಗೆ ನಾನೊಬ್ಬನೇ. ಆದ್ರೆ ಒಬ್ಬನೇ ಅನ್ನಿಸಲ್ಲ ಮೇಡಂ. ಕೊನೇ ಸೀಟಲ್ಲಿ ಯೇಸಪ್ಪ ಕೂತಿದ್ದಾನೆ ಅನ್ನಿಸುತ್ತೆ. ಕನ್ನಡೀಲಿ ನೋಡ್ತೀನಿ, ಯಾರೂ ಇರಲ್ಲ. ಆದ್ರೂ ತಿರುವಲ್ಲಿ ಮೆಲ್ಲಗೆ ತಿರುಗಿಸ್ತೀನಿ, ಕೂತವರಿಗೆ ಎತ್ತಿಹಾಕಬಾರದು ಅಂತ. ನಿಮ್ಮ ಡಬ್ಬದಲ್ಲೂ ಹಾಗೇ ಅನ್ನಿಸ್ತು. ಒತ್ತಿಬಿಟ್ಟೆ."

ಅವಳು ಹಿಂದೆ ತಿರುಗಿ ಕೊನೆಯ ಸೀಟು ನೋಡಿದಳು. "ಟಿಕೆಟ್ ತಗೊಂಡಿದ್ದಾನಾ?"

"ಪಾಸ್ ಇದೆ ಅವನಿಗೆ."

ಅವಳು ನಕ್ಕಳು. ಎಣ್ಣೆ ಕಾಣದ ಬಾಗಿಲಿನ ಹಾಗೆ ಗಂಟಲಿನಿಂದ ಹೊರಬಂದ ಆ ಸದ್ದು ಯಾರದು ಎಂದು ಅವಳಿಗೇ ಅನುಮಾನವಾಯಿತು. ಕನ್ನಡಿಯಲ್ಲಿ ಅವನ ಕಣ್ಣು ಒಂದು ಕ್ಷಣ ನಿಂತು ರಸ್ತೆಗೆ ಮರಳಿತು.

ಮನೆಯಲ್ಲಿ ಅತ್ತೆ ಇದ್ದರು. ಮಗ ಹೋದ ಮೇಲೆ ಸೊಸೆಯನ್ನು ಬಿಟ್ಟು ಅವರಿಗೂ ಯಾರಿಲ್ಲ, ಅತ್ತೆಯನ್ನು ಬಿಟ್ಟು ಅವಳಿಗೂ ಯಾರಿಲ್ಲ. ಅತ್ತೆಯ ಕಿವಿ ಮಂದ. ಮಷಿನ್ ಹಾಕಿಕೊಳ್ಳಿ ಎಂದರೆ ಸುತರಾಂ ಒಪ್ಪರು.

"ದೀಪದ ಬುಡ ಕತ್ತಲು ಅಂತ ಆಸ್ಪತ್ರೇಲಿ ಜನ ನಗ್ತಾರೆ ಅತ್ತೆ."

"ನಗಲಿ ಬಿಡು. ನನಗೇನು ಕೇಳಿಸುತ್ತಾ?" ಅತ್ತೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಅವಳನ್ನು ಓರೆಗಣ್ಣಿನಿಂದ ನೋಡಿದರು. "ಅಲ್ಲ ಕಣೇ, ಈಚೆಗೆ ಇಷ್ಟು ಬೇಗ ಸಿದ್ಧವಾಗಿ ನಿಲ್ತೀಯಲ್ಲ?"

"ಮೊದಲ ಬಸ್ಸು ಖಾಲಿ ಇರುತ್ತೆ."

"ಖಾಲಿ ಬಸ್ಸಿಗೆ ಯಾರಾದ್ರೂ ಎರಡೆರಡು ಸಲ ತಲೆ ಬಾಚ್ಕೊಳ್ತಾರಾ?"

ಅವಳ ಕೈ ಜಡೆಯ ಮೇಲೇ ನಿಂತಿತು. ಅತ್ತೆ ಬೆಣ್ಣೆಯ ಚಾಕುವನ್ನು ತಟ್ಟೆಯ ಅಂಚಿಗೆ ಒರೆಸಿದರು. "ಅವನು ಕೋಪ ಮಾಡ್ಕೊಳ್ಳೋನಲ್ಲ. ಅವನಿಗೆ ಕೋಪವೇ ಬರ್ತಿರಲಿಲ್ಲ. ಅದೊಂದು ದೊಡ್ಡ ದೋಷ ನನ್ನ ಮಗನಿಗೆ," ಎಂದರು. ಹಾಗೆ ಹೇಳಿ ಕಿಟಕಿಯ ಕಡೆ ತಿರುಗಿ, ಬಹಳ ಹೊತ್ತು ಆಚೆಯೇ ನೋಡುತ್ತಿದ್ದರು.

ಎರಡನೆಯ ತಪಾಸಣೆಗೆ ಅವನು ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದ. ಅವಳು ಸದ್ದು ಕಳಿಸಿದಳು. ಅವನು ಒತ್ತಲಿಲ್ಲ. ಸ್ವಲ್ಪ ಏರಿಸಿದಳು. ಒತ್ತಲಿಲ್ಲ. ಕೆಲಸಕ್ಕೆ ಇಷ್ಟು ಕೇಳಿಸಲೇಬೇಕು ಎಂಬ ಮಿತಿ ಬಂತು. ಅವನು ಕಣ್ಣು ಮುಚ್ಚಿ, ಕಾಯುತ್ತ ಕೂತೇ ಇದ್ದ. ಆ ಮುಖದಲ್ಲಿ ಏನೂ ಕದಲಲಿಲ್ಲ.

ಫಲಿತಾಂಶ ಹೀಗೇ ಹೋದರೆ ಅವನ ಬಸ್ಸು ಹೋಗುತ್ತದೆ. ಡಿಪೋದ ಕ್ವಾರ್ಟರ್ಸು ಹೋಗುತ್ತದೆ. ಮಷಿನ್ ಹಾಕಿಕೊಂಡವರಿಗೆ ಸ್ಟೇರಿಂಗ್ ಕೊಡುವ ನಿಯಮ ಇಲ್ಲ. ಬೆಳಗಿನ ಆ ಕನ್ನಡಿ, ಆ ಕಣ್ಣು, ಎಲ್ಲ ಹೋಗುತ್ತದೆ.

ಅವಳ ಬೆರಳು ತಾನಾಗಿ ಸದ್ದಿನ ತಿರುಪನ್ನು ಮಿತಿ ದಾಟಿಸಿ ಇನ್ನೂ ಮೇಲಕ್ಕೆ ತಿರುಗಿಸಿತು. ಪೆನ್ನು ಮಾತ್ರ ಹಾಳೆಯಲ್ಲಿ ಮಿತಿಯ ಅಂಕಿಯ ಮೇಲೇ ಇತ್ತು. ಅವನು ತಕ್ಷಣ ಒತ್ತಿದ. ಒತ್ತಿದವನು ಕಣ್ಣು ತೆರೆದ. ಹೆಡ್‌ಫೋನ್ ತೆಗೆದಿಟ್ಟು, ತಾನೇ ಬಾಗಿಲು ತಳ್ಳಿಕೊಂಡು ಹೊರಗೆ ಬಂದ.

"ಇದು ಕೇಳಿಸ್ತು ಮೇಡಂ."

"ಒಳ್ಳೇದಾಯ್ತಲ್ಲ."

"ತುಂಬ ಚೆನ್ನಾಗಿ ಕೇಳಿಸ್ತು. ಅಷ್ಟು ಚೆನ್ನಾಗಿ ನನಗೆ ಕೇಳಿಸಲ್ಲ."

ಅವಳು ಯಂತ್ರದ ಮೇಲಿಂದ ಕೈ ತೆಗೆಯಲಿಲ್ಲ. "ಒಳಗೆ ಹೋಗಿ ಕೂತ್ಕೊಳ್ಳಿ. ಪ್ಲೀಸ್."

"ಮೊನ್ನೆ ಒಬ್ಬರು ಅಜ್ಜಿ ಇಳೀತಾ ಇದ್ರು," ಎಂದ ಅವನು. ಎಂದಿನ ತಮಾಷೆ ಅವನ ದನಿಯಲ್ಲಿರಲಿಲ್ಲ. "ನಿಲ್ಲಿಸು ಅಂತ ಕಂಡಕ್ಟರ್ ಬೆಲ್ ಹೊಡೆದನಂತೆ. ನನಗೆ ಕೇಳಿಸಲಿಲ್ಲ, ಬಸ್ಸು ಎತ್ತಿಬಿಟ್ಟೆ. ಜನ ಕಿರುಚಿದ ಮೇಲೆ ನಿಲ್ಲಿಸಿದ್ದು. ಅಜ್ಜಿ ಒಂದು ಕಾಲು ಕೆಳಗೆ, ಒಂದು ಕಾಲು ಮೇಲೆ. ಏನೂ ಆಗಲಿಲ್ಲ. ನನ್ನ ಕೆನ್ನೆ ಸವರಿ ಹೋದ್ರು."

ಅವಳಿಗೆ ಸಿಟ್ಟು ಬಂತು. ನಿಜವಾದ ಸಿಟ್ಟು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. "ಅವತ್ತು ಹಿಂದಿನ ಸೀಟಲ್ಲಿ ಅವನು ಇರಲಿಲ್ವಾ? ನಿಮ್ಮ ಪಾಸ್ ಇರೋನು?"

"ಇದ್ದ ಮೇಡಂ. ಅದಕ್ಕೇ ಇವತ್ತು ಸುಳ್ಳು ಹೇಳೋಕಾಗ್ತಿಲ್ಲ."

ಅವಳು ತಿರುಪನ್ನು ಹಿಂದಕ್ಕೆ ತಿರುಗಿಸಿದಳು. ತಪಾಸಣೆಯನ್ನು ಮೊದಲಿಂದ, ಸರಿಯಾಗಿ, ಕೊನೆಯವರೆಗೆ ಮಾಡಿದಳು. ಕಂಡದ್ದನ್ನು ಕಂಡ ಹಾಗೆ ಬರೆದು ಸಹಿ ಹಾಕಿದಳು. ಅವನು ಥ್ಯಾಂಕ್ಸ್ ಎಂದ. ಅದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

ಕಿವಿಯ ಮಷಿನ್‌ಗೆ ಅಚ್ಚು ತೆಗೆಯಬೇಕಿತ್ತು. ದಾರ ಕಟ್ಟಿದ ಹತ್ತಿಯನ್ನು ಕಿವಿಯ ಆಳಕ್ಕಿಟ್ಟು, ಮೆತ್ತನೆಯ ಗುಲಾಬಿ ಬಣ್ಣದ ಹಿಟ್ಟಿನಂಥ ವಸ್ತುವನ್ನು ತುಂಬಿ, ಅದು ಗಟ್ಟಿಯಾಗುವವರೆಗೆ ಕಾಯುವ ಕೆಲಸ. ಅವಳು ಬಲಗಿವಿಯ ಹತ್ತಿರ ಬಾಗಿದಳು. ಸೋಪಿನ ವಾಸನೆ, ಡೀಸೆಲ್ಲಿನ ಸಣ್ಣ ವಾಸನೆ. ಅವನ ಕಿವಿಯ ತುದಿ ಕೆಂಪಾಯಿತು.

"ಗಟ್ಟಿಯಾಗೋವರೆಗೂ ಬಾಯಿ ಆಡಿಸಬಾರದು," ಎಂದಳು. "ನಗಬಾರದು. ಮಾತಾಡಬಾರದು."

ಅವನು ಕಣ್ಣಿನಲ್ಲೇ, ಇದೊಳ್ಳೆ ಶಿಕ್ಷೆ, ಎಂದ.

ಅವನು ಉತ್ತರ ಕೊಡಲಾರ ಎಂಬ ಧೈರ್ಯವೋ, ಒಂದು ಕಿವಿ ಮುಚ್ಚಿದೆ ಎಂಬ ಭರವಸೆಯೋ, ಅವಳು ಮಾತಾಡತೊಡಗಿದಳು.

"ನಮ್ಮವರು ಹೋದ ಮೇಲೆ ನಾನು ದಿನಾ ಕಾದೆ. ಒಂದು ಮಾತು ಕೇಳಿಸಲಿ ಅಂತ. ಅವರದ್ದಲ್ಲ, ದೇವರದ್ದು. ನಾನಿದ್ದೀನಿ ಅಂತ ಒಂದು ಮಾತು. ಚರ್ಚಲ್ಲಿ ಹಿಂದಿನ ಬೆಂಚಲ್ಲಿ ಕೂತ್ಕೊಳ್ತೀನಿ. ಎಲ್ಲರೂ ಹಾಡ್ತಾರೆ, ಅಳ್ತಾರೆ. ನನಗೆ ಫ್ಯಾನಿನ ಸದ್ದು ಕೇಳಿಸುತ್ತೆ. ಎಷ್ಟು ಜೋರು ಸದ್ದಿಗೂ ಒತ್ತದೇ ಇದ್ದವರ ಹೆಸರಿನ ಮುಂದೆ ನಾವು ಪ್ರತಿಕ್ರಿಯೆ ಇಲ್ಲ ಅಂತ ಬರೀತೀವಿ. ಅಲ್ಲಿ ಯಾರ ಹೆಸರಿನ ಮುಂದೆ ಅದನ್ನ ಬರೀಬೇಕೋ ಗೊತ್ತಾಗ್ಲಿಲ್ಲ ನನಗೆ. ದೇವರ ಮುಂದೆಯೋ, ನನ್ನ ಮುಂದೆಯೋ. ಆಮೇಲೆ ಕಾಯೋದು ಬಿಟ್ಟೆ."

ಅವನು ಅಲುಗಾಡಲಿಲ್ಲ. ಅಚ್ಚು ಗಟ್ಟಿಯಾಗಿತ್ತು. ಮೆಲ್ಲಗೆ ಎಳೆದು ತೆಗೆದಳು. ಅವನ ಕಿವಿಯೊಳಗಿನ ದಾರಿ, ಬೆಚ್ಚಗೆ, ಅವಳ ಅಂಗೈಯಲ್ಲಿತ್ತು.

"ನನಗೂ ಏನೂ ಕೇಳಿಸಲ್ಲ ಮೇಡಂ," ಎಂದ ಅವನು, ದವಡೆ ಸವರಿಕೊಳ್ಳುತ್ತ. "ಮಾತು ಗೀತು ಏನೂ ಇಲ್ಲ. ಮನೆ ಬಾಗಿಲು ತೆಗೆದಾಗ ಒಳಗೆ ಯಾರೋ ಇದ್ದಾರೆ ಅಂತ ಗೊತ್ತಾಗುತ್ತಲ್ಲ, ಅವರು ಒಳಗಿನ ರೂಮಲ್ಲಿ ಸುಮ್ಮನೆ ಇದ್ರೂ. ಅಷ್ಟೇ." ಸ್ವಲ್ಪ ತಡೆದ. "ಇನ್ನೊಂದು ಹೇಳಬೇಕು. ಮೊದಲ ಸಲ ಒತ್ತಿದ್ರಲ್ಲಿ ಮೋಸಾನೂ ಇತ್ತು. ಕೆಲಸ ಹೋಗುತ್ತೆ ಅಂತ ಭಯ. ಯಾವುದು ಮೋಸ, ಯಾವುದು ನಿಜ ಅಂತ ಈಗ ಕೇಳಿದ್ರೆ ನನಗೇ ಗೊತ್ತಿಲ್ಲ."

"ಈಗ ಹೇಳ್ತಿದ್ದೀರಾ?"

"ಇನ್ನು ಕಳ್ಕೊಳ್ಳೋಕೆ ಏನೂ ಇಲ್ಲವಲ್ಲ."

ಹಾಗೆಂದು ಅವನು ಅವಳನ್ನು ನೋಡಿದ. ಇನ್ನೂ ಒಂದು ಇದೆ ಎಂದು ಇಬ್ಬರಿಗೂ ಗೊತ್ತಿತ್ತು.

"ಅಕ್ಕನ ಊರಿಗೆ ಹೋಗ್ತೀನಿ. ಭಾವನ ನರ್ಸರಿ ಇದೆ. ಗಿಡಗಳು ಬೆಲ್ ಹೊಡೆಯಲ್ಲ, ಒಳ್ಳೆ ಪ್ಯಾಸೆಂಜರ್‌ಗಳು." ನಕ್ಕ. ನಗು ಮುಗಿದ ಮೇಲೆ, "ನಿಮ್ಮನ್ನ ಒಂದು ಮಾತು ಕೇಳಬೇಕು ಅಂತಿದ್ದೆ. ಕೇಳಲ್ಲ. ಕೈಯಲ್ಲಿ ಸ್ಟೇರಿಂಗ್ ಇದ್ದಾಗಲೇ ಕೇಳಬೇಕಿತ್ತು," ಎಂದ.

ಕೇಳಿ, ಎಂದು ಅವಳು ಹೇಳಬಹುದಿತ್ತು. ಬದಲಿಗೆ ಅಚ್ಚನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು. ಮನೆಯಲ್ಲಿ ಗೋಡೆಯ ಮೇಲೆ ಒಂದು ಫೋಟೋ ಇತ್ತು, ಕಿಟಕಿ ನೋಡುತ್ತ ಕೂರುವ ಒಬ್ಬ ಅತ್ತೆ ಇದ್ದರು, ಮತ್ತು ಅವಳೊಳಗೆ ಇನ್ನೂ ಜೋಮು ಬಿಡದ ಒಂದು ಜಾಗವಿತ್ತು.

ಅವನು ಹೊರಡುವ ದಿನ ಅವಳು ಬಸ್ ನಿಲ್ದಾಣಕ್ಕೆ ಹೋದಳು. ಅವನು ಕಿಟಕಿಯ ಪಕ್ಕ ಕೂತು, ಮುಂದಿನ ಸೀಟಿನ ಕೆಳಗೆ ಕಾಲು ತೂರಿಸುತ್ತಿದ್ದ.

"ಪ್ಯಾಸೆಂಜರ್ ಆಗಿ ಕೂತ್ರೆ ಕಾಲು ಬ್ರೇಕ್ ಹುಡುಕುತ್ತೆ," ಎಂದ. ಆಮೇಲೆ ಕೆಳಗಿಳಿದು ಅವಳೆದುರು ನಿಂತ. ಬಲಗಿವಿಯಲ್ಲಿ ಅವಳು ಕೂರಿಸಿದ ಮಷಿನ್ ಇತ್ತು. "ನನಗೋಸ್ಕರ ಒಂದು ಪ್ರಾರ್ಥನೆ ಮಾಡ್ತೀರಾ? ಗಟ್ಟಿಯಾಗಿ. ನಿಮ್ಮ ದನೀಲಿ ಕೇಳಿಸ್ಕೊಂಡು ಹೋಗ್ತೀನಿ."

"ನನಗೆ ಬರಲ್ಲ. ಬಿಟ್ಟು ಬಹಳ ದಿನ ಆಯ್ತು."

"ಬಂದಷ್ಟು."

ಸುತ್ತ ಜನ ಪೆಟ್ಟಿಗೆ ಎಳೆಯುತ್ತಿದ್ದರು. ಇಂಜಿನ್ ಗುರುಗುಡುತ್ತಿತ್ತು. ಅವಳು ಕಣ್ಣು ಮುಚ್ಚಿದಳು. ಒಳಗೆ ಏನೂ ಇರಲಿಲ್ಲ. ಏನೂ ಇಲ್ಲದ ಅಲ್ಲಿಂದಲೇ ಶುರುಮಾಡಿದಳು.

"ದೇವರೇ, ಇವರನ್ನ ನೋಡ್ಕೋ. ಇವರಿಗೆ ಬಲಗಡೆ ಕಿವಿ ಜಾಸ್ತಿ ಮಂದ. ರಸ್ತೆ ದಾಟೋವಾಗ ಗಾಡಿ ಬರೋದು ಗೊತ್ತಾಗಲ್ಲ. ನೀನು ಆ ಕಡೆ ಇರು. ಗಿಡಕ್ಕೆ ನೀರು ಹಾಕುವಾಗ ಮಷಿನ್ ನೆನೆಸ್ಕೊಳ್ತಾರೆ, ನೆನಪು ಮಾಡು. ಒಬ್ಬರೇ ಕೂತು ಊಟ ಮಾಡೋ ಹಾಗೆ ಮಾಡಬೇಡ." ಅವಳ ದನಿ ಬಿರಿಯಿತು. "ಇವರು ನನಗೆ ಬೇಕು. ಅದನ್ನ ಇವರಿಗೆ ಹೇಳೋಕೆ ನನ್ನಿಂದ ಆಗಲಿಲ್ಲ, ನಿನಗೆ ಹೇಳ್ತಿದ್ದೀನಿ. ಒಬ್ಬರನ್ನ ಕೇಳದೆ ಕರ್ಕೊಂಡೆ. ಇಷ್ಟು ದಿನ ನಿನ್ನ ಹತ್ತಿರ ನಾನು ಮಾತಾಡಿಲ್ಲ. ನಿನ್ನ ಮೇಲೆ ಕೋಪ ಇತ್ತು. ಈಗಲೂ ಇದೆ, ತುಂಬ ಇದೆ..."

ಅಲ್ಲಿ ಮಾತು ನಿಂತಿತು. ತಾನು ಜಗಳಕ್ಕೆ ನಿಂತಿದ್ದೇನೆ ಎಂಬುದು ಅವಳಿಗೆ ಆಗ ಹೊಳೆಯಿತು. ಖಾಲಿ ಮನೆಯ ಮುಂದೆ ನಿಂತು ಯಾರೂ ಹೀಗೆ ಜಗಳವಾಡುವುದಿಲ್ಲ. ಮುಚ್ಚಿದ ಕಣ್ಣಿನ ಅಂಚಿನಿಂದ ಬಿಸಿಯಾದದ್ದೇನೋ ಇಳಿದು ಗಲ್ಲದವರೆಗೆ ಹೋಯಿತು. ಗಂಡನ ಮಣ್ಣಿನ ದಿನವೂ ಬಾರದೆ ಇದ್ದದ್ದು.

ಒಂದು ಬೆಚ್ಚಗಿನ ಕೈ ಅವಳ ಕೈಯನ್ನು ಹಿಡಿದು, ಒತ್ತಿ, ಹಿಡಿದೇ ಇತ್ತು.

"ಹೊರಡ್ತಿದೆ, ಹತ್ತಿ ಹತ್ತಿ," ಎಂದು ಕಂಡಕ್ಟರ್ ಕೂಗಿದ.

"ಆಮೆನ್," ಎಂದ ಅವನು, ಬಹಳ ಮೆಲ್ಲಗೆ. ಕೈ ಬಿಟ್ಟಿತು. ಬಾಗಿಲು ಮುಚ್ಚಿದ ಸದ್ದು, ಚಕ್ರ ಉರುಳಿದ ಸದ್ದು, ತಿರುವಿನಲ್ಲಿ ಹಾರ್ನಿನ ಸದ್ದು.

ಅವಳು ಆಮೆನ್ ಎನ್ನಲಿಲ್ಲ. ಜನ ಸುತ್ತಿ ಬಳಸಿ ಹೋಗುತ್ತಿದ್ದ ಆ ನಿಲ್ದಾಣದಲ್ಲಿ ಕಣ್ಣು ಮುಚ್ಚಿಕೊಂಡೇ ನಿಂತಿದ್ದಳು. ಅವನ ಬಗ್ಗೆ, ಗಂಡನ ಬಗ್ಗೆ, ಅತ್ತೆಯ ಬಗ್ಗೆ, ಅವಳಿಗೆ ಹೇಳುವುದು ಇನ್ನೂ ಬಹಳ ಇತ್ತು.