ಮಂಗಳ ಕಾಣದ ಓದು

"ನಿನ್ನೆ ಎಲ್ಲಿಗೆ ನಿಲ್ಸಿದ್ದೆ?"

ಆ ಪ್ರಶ್ನೆಯನ್ನು ಅವನು ಯಾರನ್ನೂ ಕೇಳಿರಲಿಲ್ಲ. ಎದುರಿಗಿದ್ದ ಅಜ್ಜಿಯರಲ್ಲಿ ಅರ್ಧ ಜನಕ್ಕೆ ಕಿವಿ ಮಂದ. ಉಳಿದವರು ಮಧ್ಯಾಹ್ನದ ಮುದ್ದೆಯ ಭಾರಕ್ಕೆ ತೂಕಡಿಸುತ್ತಿದ್ದರು. ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದ ದಾರ ಎಲ್ಲೋ ಜಾರಿ ಬಿದ್ದಿತ್ತು. ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚುತ್ತಾ, ಕಿಟಕಿಯನ್ನೇ ಕೇಳುವವನಂತೆ ಕೇಳಿದ್ದ.

ನಾನು ಬಿ.ಪಿ. ನೋಡುವ ಪಟ್ಟಿ ಹಿಡಿದು ಬಾಗಿಲಲ್ಲಿದ್ದೆ. ಬಾಯಿ ತಡೆಯಲಿಲ್ಲ.

"'ಹಗ್ಗ ಸಾಲದೆ ಹೋದರೆ ಬಾವಿಯನ್ನು ಬಯ್ಯಬೇಡ, ಎನ್ನ ಆತ್ಮವೇ.' ಅಲ್ಲಿಗೆ ನಿಲ್ಸಿದ್ರಿ."

ಅವನು ತಲೆಯೆತ್ತಿದ. ನೋಡಿದ್ದು ನನ್ನ ಕಣ್ಣನ್ನಲ್ಲ, ತುಟಿಗಳನ್ನು. ಮಾತು ಮುಗಿದ ಮೇಲೂ ಆ ನೋಟ ಅಲ್ಲೇ ಇತ್ತು. ಆಮೇಲೆ ನಿಧಾನವಾಗಿ ಮೇಲಕ್ಕೆ ಬಂತು. ಮಗ್ಗದ ಶೆಡ್ಡಿನಲ್ಲಿ ಬೆಳೆದವರು ಹಾಗೇ, ಆ ಸದ್ದಿನಲ್ಲಿ ಕಿವಿಯನ್ನು ನಂಬದೆ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಆ ಕ್ಷಣಕ್ಕೆ ಗೊತ್ತಿದ್ದದ್ದು ಇಷ್ಟೇ: ನಾನು ಮಾತಾಡುವಾಗ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಏನು ಮಾಡಬೇಕೋ ತೋಚದೆ ಪಟ್ಟಿಯನ್ನು ನನ್ನ ತೋಳಿಗೇ ಸುತ್ತಿಕೊಂಡೆ.

ಮುನಿಗಂಗಮ್ಮ ಅಜ್ಜಿ ಒಂದು ಕಣ್ಣು ತೆರೆದರು. "ಯಾಕವ್ವ, ನಿಂಗೇ ಬಿ.ಪಿ. ಏರ್ತಾ?"

ಅವನು ನಕ್ಕ. ನಗುತ್ತಲೇ ಓದತೊಡಗಿದ.

*

ನಮ್ಮದು ಕನ್ಯಾಸ್ತ್ರೀಯರು ನಡೆಸುವ ವೃದ್ಧಾಶ್ರಮ. ದೊಡ್ಡಬಳ್ಳಾಪುರ ದಾಟಿ ನಮ್ಮೂರು ರಾಜಘಟ್ಟದ ಕಡೆಗೆ ತಿರುಗಿದರೆ ಸಿಗುತ್ತದೆ. ನಾನಲ್ಲಿ ನರ್ಸು. ಹಳೆಯ ಸಂತರ ಬರಹಗಳನ್ನು ಸಂಜೆ ಹೊತ್ತು ಗಟ್ಟಿಯಾಗಿ ಓದುವುದು ಅಲ್ಲಿಯ ರೂಢಿ. ವರ್ಷಗಟ್ಟಲೆ ಓದುತ್ತಿದ್ದ ಸಿಸ್ಟರ್ ಲೀನಾಗೆ ಕಣ್ಣಿನ ಪೊರೆ ಬಂದ ಮೇಲೆ, ಅವರ ಚರ್ಚಿಗೇ ಬರುವ ಇನ್ನಾಸಪ್ಪನನ್ನು ಕೇಳಿಕೊಂಡರು. ಅವನು ಊರಿನ ಪವರ್‌ಲೂಮುಗಳ ರಿಪೇರಿ ಮೆಕ್ಯಾನಿಕ್ಕು. ಬೆಳಗಿನ ಪಾಳಿ ಮುಗಿಸಿ, ಉಗುರಿನ ಸಂದಿಯ ಎಣ್ಣೆಯನ್ನು ಸೋಪು ಹಾಕಿ ತಿಕ್ಕಿ, ನಾಲ್ಕರ ಹೊತ್ತಿಗೆ ಬರುತ್ತಿದ್ದ.

ಅವನು ಹಿಡಿದಿದ್ದ ಪುಸ್ತಕದ ಹೆಸರಿನ ಹಾಳೆ ಕಿತ್ತುಹೋಗಿತ್ತು. ಯಾವುದೋ ದೇಶದ ಸನ್ಯಾಸಿನಿಯೊಬ್ಬಳು ಯಾವುದೋ ಕಾಲದಲ್ಲಿ ಬರೆದದ್ದು, ಯಾರೋ ಪಾದ್ರಿ ಹಳೆಗಾಲದ ಕನ್ನಡಕ್ಕೆ ತಂದದ್ದು ಎಂಬುದಷ್ಟೇ ಸಿಸ್ಟರಿಗೂ ಗೊತ್ತು. ಮಠದೊಳಗೆ ಒಬ್ಬಳೇ ಕುಳಿತು ಅವಳು ದೇವರ ಜೊತೆ ಮಾತಾಡುತ್ತಾಳೆ. ಬೇಡುತ್ತಾಳೆ, ಮುನಿಸಿಕೊಳ್ಳುತ್ತಾಳೆ, ಇವತ್ತು ಬರದಿದ್ದರೆ ನಾಳೆ ಬಾಗಿಲು ತೆರೆಯುವುದಿಲ್ಲ ಎಂದು ಹೆದರಿಸಿ, ಹೆದರಿಸಿದ್ದಕ್ಕೆ ಅಳುತ್ತಾಳೆ.

ಕೇಳುವುದು ನನಗೆ ಹೊಸದಲ್ಲ. ನನ್ನ ತಾತ ವೆಂಕಟರಮಣಪ್ಪ ಶ್ರಾವಣ ಪೂರ್ತಿ ನಡುಮನೆಯಲ್ಲಿ ಷಟ್ಪದಿಗಳನ್ನು ರಾಗವಾಗಿ ಓದುತ್ತಿದ್ದರು. ನಮ್ಮಲ್ಲಿ ಓದುವವರಿಗಿಂತ ಕೇಳುವವರಿಗೆ ಕಟ್ಟುನಿಟ್ಟು ಜಾಸ್ತಿ. ಓದು ಮುಗಿಯುವವರೆಗೆ ಊಟವಿಲ್ಲ. ನೆಲದ ಮೇಲೆ ಕೂರಬೇಕು, ಗೋಡೆಗೆ ಒರಗಬಾರದು. ಪುಸ್ತಕಕ್ಕೆ ಹೂವಿಡಬೇಕು, ಎದ್ದಾಗ ಅದನ್ನು ಕಣ್ಣಿಗೊತ್ತಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ ಮಂಗಳದ್ದು. ಶುರು ಮಾಡಿದ ಓದನ್ನು ಶುರು ಮಾಡಿದವರೇ ಕೊನೆಯ ಸಾಲಿನವರೆಗೂ ಓದಿ ಮಂಗಳ ಹಾಡಬೇಕು. ಚಿಕ್ಕಪ್ಪ ತೀರಿಕೊಂಡ ವರ್ಷ ಓದು ನಡುವೆ ನಿಂತಿತ್ತು. ಸೂತಕ ಕಳೆದ ಮೊದಲ ಸಂಜೆ ತಾತ ಕಣ್ಣೊರೆಸಿಕೊಂಡು ಕುಳಿತು ಉಳಿದದ್ದನ್ನು ಓದಿ ಮುಗಿಸಿದರು. ಅರ್ಧಕ್ಕೆ ನಿಂತ ಓದು ಕೇಳಿದವರ ಹೆಗಲ ಮೇಲೆ ಕೂರುತ್ತದೆ, ಇಳಿಯುವುದಿಲ್ಲ ಎನ್ನುತ್ತಿದ್ದರು.

ಹಾಗಾಗಿ ಇನ್ನಾಸನ ಓದಿಗೂ ನಾನು ಹಾಗೇ ಕುಳಿತೆ. ಬೇರೆ ಥರ ಕೂರುವುದು ನನಗೆ ಗೊತ್ತಿರಲಿಲ್ಲ.

*

ನಾಲ್ಕಕ್ಕೆ ಬಿಡುವಾಗುವಂತೆ ಡ್ಯೂಟಿ ಬದಲಾಯಿಸಿಕೊಂಡೆ. ಮನೆಯ ಹಿತ್ತಲಿನ ಕನಕಾಂಬರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಟಿಫನ್ ಬಾಕ್ಸಿನ ಪಕ್ಕ ಇಟ್ಟುಕೊಂಡು ಬರುತ್ತಿದ್ದೆ. ಟಿಫನ್ ಬಾಕ್ಸು ಸಂಜೆಯವರೆಗೂ ತೆರೆಯುತ್ತಿರಲಿಲ್ಲ.

ಅವನ ಗಂಟಲು ಮೊದಮೊದಲು ಜಗಳಕ್ಕೆ ನಿಂತವರ ಗಂಟಲು. ಒಂದು ದಿನ ಹೇಳಿಯೇಬಿಟ್ಟೆ, ಇಲ್ಲಿ ಮಗ್ಗ ಓಡ್ತಿಲ್ಲ, ಮೆಲ್ಲಗೆ ಓದಬಹುದು ಎಂದು. ಮಾರನೆಯ ದಿನ ಎಷ್ಟು ಮೆಲ್ಲಗೆ ಓದಿದನೆಂದರೆ ಮುನಿಗಂಗಮ್ಮ ಅಜ್ಜಿ ರೇಗಿಬಿಟ್ಟರು. "ಅವ್ಳೊಬ್ಬಳ ಕಿವೀಲಿ ಹೇಳಂಗಿದ್ರೆ ನಾವ್ಯಾಕ್ಲಾ ಇಲ್ಲಿ ಕೂತ್ಕಬೇಕು?"

ಸಂಜೆ ಬಸ್ ಸ್ಟಾಪಿನವರೆಗೆ ಬೈಕು ತಳ್ಳಿಕೊಂಡೇ ಬರುತ್ತಿದ್ದ. ಪೆಟ್ರೋಲ್ ಇಲ್ಲವೇ ಎಂದು ಕೇಳಿದರೆ ಇದೆ ಎನ್ನುತ್ತಿದ್ದ. ಶೆಡ್ಡಿನ ಸುದ್ದಿ ಹೇಳುತ್ತಿದ್ದ, ಕಡಲೆಕಾಯಿ ಸುಲಿದು ನನ್ನ ಅಂಗೈಗೆ ಹಾಕುತ್ತಿದ್ದ. ನಾನು ತಾತನ ಓದಿನ ಕಥೆ ಹೇಳಿದೆ. ಹೆಗಲ ಮೇಲೆ ಕೂರುವ ಓದಿನ ಮಾತು ಕೇಳಿ ಅವನಿಗೆ ಬಹಳ ಇಷ್ಟವಾಯಿತು.

"ಹಂಗಾದ್ರೆ ಕೊನೇ ಅಧ್ಯಾಯ ಓದೋದೇ ಬೇಡ ಬಿಡಿ," ಅಂದ. "ನನ್ನ ಓದು ನಿಮ್ಮ ಹೆಗಲ ಮೇಲೇ ಇರ್ಲಿ."

"ಭಾರ ಆಗಲ್ವಾ?"

"ಆಗ್ಲಿ."

ಆ 'ಆಗ್ಲಿ'ಯನ್ನು ಮನೆಗೆ ಒಯ್ದು ರಾತ್ರಿಯ ಪಾತ್ರೆ ತೊಳೆಯುವಾಗಲೂ ನನ್ನೊಳಗೇ ಹೇಳಿಕೊಂಡೆ.

ಸನ್ಯಾಸಿನಿಯ ಪುಸ್ತಕದಲ್ಲಿ ಬಾಗಿಲಿನ ಅಧ್ಯಾಯವೊಂದಿತ್ತು. "ನೀನು ಬಾಗಿಲು ತಟ್ಟುವವನಲ್ಲ. ನಾನು ತೆರೆದಿಟ್ಟಿದ್ದೇನೆಯೋ ಎಂದು ದೂರದಿಂದ ನೋಡಿ ಹೋಗುವವನು." ಆ ಸಾಲು ಓದಿ ಅವನು ತಲೆಯೆತ್ತಿ ನನ್ನತ್ತ ನೋಡಿದ. ಹಾಳೆ ತಿರುವುವುದನ್ನೇ ಮರೆತ. ಕನಕಾಂಬರದ ಒಂದು ಎಸಳು ಪುಟದಿಂದ ಅವನ ತೊಡೆಯ ಮೇಲೆ ಬಿತ್ತು. ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಸಿಸ್ಟರ್ ಲೀನಾ ಪೊರೆ ಬಂದ ಕಣ್ಣಿನಿಂದಲೂ ಅದನ್ನು ಕಂಡಿರಬೇಕು, ಕೆಮ್ಮಿದರು.

ಅವತ್ತು ಸಂಜೆ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

"ನಾನು ಓದೋದು ಅಜ್ಜೀರಿಗಲ್ಲ ಕಣ್ರೀ," ಅಂದ ಬೈಕಿನ ಹ್ಯಾಂಡಲ್ ನೋಡುತ್ತಾ.

"ಗೊತ್ತು."

"ಯಾವಾಗಿಂದ?"

"ಬಿ.ಪಿ. ಏರಿದಾಗಿಂದ."

ಮುಂದಿನ ಬಸ್ಸು ಬರುವಷ್ಟರಲ್ಲಿ 'ಕಣ್ರೀ' ಹೋಗಿ 'ರಂಜಿತಾ' ಬಂದಿತ್ತು. ನಾನು ಮಾತ್ರ 'ನೀವು' ಬಿಡಲಿಲ್ಲ. ಅದರಲ್ಲೂ ಒಂದು ಸುಖವಿತ್ತು.

*

ತಪಸ್ಸುಕಾಲ ಬಂತು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಆಶ್ರಮದಲ್ಲಿ ಮಾಂಸದಡುಗೆ ನಿಂತಿತು. ನಾನು ಎಂದಿನಂತೆ ಓದು ಮುಗಿಯುವವರೆಗೆ ಏನೂ ತಿನ್ನದೆ ಕೂರುತ್ತಿದ್ದೆ. ಅಡುಗೆಮನೆಯವರು ನನ್ನನ್ನು ಹೊಸ ಥರದಲ್ಲಿ ನೋಡುವುದು, ಒಬ್ಬಿಬ್ಬರು ತಲೆ ನೇವರಿಸುವುದು ಗಮನಕ್ಕೆ ಬಂತು. ಪ್ರೀತಿ ಎಂದುಕೊಂಡೆ.

ಒಂದು ಭಾನುವಾರ ಅವನ ತಾಯಿ ಜ್ಞಾನಮ್ಮ ಬಂದರು. ಸಣ್ಣ ಆಳು, ಬೆರಳಿಗೆ ಜಪಸರ ಸುತ್ತಿಕೊಂಡೇ ಮಾತಾಡುವವರು. ನನ್ನ ಎರಡೂ ಕೈ ಹಿಡಿದು ಕಣ್ಣು ತುಂಬಿಕೊಂಡರು. ಬೇರೆ ಜಾತಿಯವಳು ಅಂದಾಗ ಮೂರು ದಿನ ಮಗನ ಜೊತೆ ಮಾತು ಬಿಟ್ಟಿದ್ದರಂತೆ. ಆಮೇಲೆ ನಾನು ಕೇಳುವ ರೀತಿಯನ್ನು ಅವನು ಹೇಳಿದನಂತೆ. ಕವರಿನಿಂದ ಬಿಳಿ ಸೀರೆಯೊಂದನ್ನು ತೆಗೆದು ನನ್ನ ಮಡಿಲಿಗಿಟ್ಟರು. ಫಾದರ್ ಹತ್ತಿರ ಮಾತಾಡಿ ಆಗಿದೆ, ಈಸ್ಟರ್ ಹಿಂದಿನ ಸಂಜೆ ದೀಕ್ಷಾಸ್ನಾನ ಕೊಟ್ಟು ತಮ್ಮ ಮತಕ್ಕೆ ಸೇರಿಸಿಕೊಳ್ಳುತ್ತಾರೆ, ಆಮೇಲೆ ಮದುವೆಯ ಮಾತು, ಎಂದರು. "ಆಗ್ನೇಸ್ ಅಂತ ಹೆಸರಿಡಾಣ ಕಣವ್ವ. ನಮ್ಮತ್ತೆ ಹೆಸ್ರು. ನಿನ್ನ ಮಕಕ್ಕೆ ಒಪ್ತದೆ."

ಆ ಸೀರೆ ಬಹಳ ಮೆತ್ತಗಿತ್ತು. ಅದನ್ನು ಹಿಡಿದುಕೊಂಡೇ ಇನ್ನಾಸನನ್ನು ಹುಡುಕಿದೆ. ನೀರಿನ ಟ್ಯಾಂಕಿನ ಪಕ್ಕ ನಿಂತಿದ್ದ, ಬಹುಮಾನ ಕೊಡಿಸಿದವನ ಮುಖ ಹೊತ್ತು.

"ನಾನು ದೀಕ್ಷಾಸ್ನಾನ ತಗೋತೀನಿ ಅಂತ ನಿಮ್ಗೆ ಯಾರು ಹೇಳಿದ್ರು?"

"ಯಾರಾದ್ರೂ ಹೇಳ್ಬೇಕಾ?" ಇನ್ನೂ ನಗುತ್ತಲೇ ಇದ್ದ. "ಉಪವಾಸ ಇರ್ತೀಯ. ನೆಲದ ಮೇಲೆ ಕೂರ್ತೀಯ. ದಿನಾ ಹೂವು ತರ್ತೀಯ, ಪುಸ್ತಕ ಕಣ್ಣಿಗೆ ಒತ್ಕೋತೀಯ. ಹುಟ್ಟಿದಾಗಿಂದ ಚರ್ಚಿಗೆ ಹೋಗೋ ನಮ್ಮೋರೇ ಯಾರೂ ಹಂಗೆ ಕೇಳಲ್ಲ. ಸಿಸ್ಟರೇ ಅಂದ್ರು, ಈ ಹುಡುಗೀನ ದೇವ್ರು ಕರ್ದಿದಾನೆ ಅಂತ."

"ನಮ್ಮ ಮನೇಲಿ ಯಾವ ಓದನ್ನಾದ್ರೂ ಹಂಗೇ ಕೇಳೋದು. ನಿಮ್ಗೆ ಹೇಳಿದ್ನಲ್ಲ, ತಾತನ ವಿಷಯ."

"ಅದು ಬರೀ ಕಥೆ ಅಂದ್ಕೊಂಡೆ."

ಅವನ ಕಣ್ಣು ನನ್ನ ತುಟಿಯ ಮೇಲಿತ್ತು. ಮಗ್ಗದ ಸದ್ದು ಇಲ್ಲದ ಜಾಗದಲ್ಲೂ ಅವನಿಗೆ ನನ್ನ ಮಾತು ಮುಟ್ಟಲು ಹೊತ್ತಾಯಿತು.

"ಯಾವ ಓದನ್ನಾದ್ರೂ," ಎಂದ. "ಹಂಗಾದ್ರೆ ಇದೂ ಒಂದು ಓದು. ಅಷ್ಟೇನಾ?"

ಅಷ್ಟೇ ಎನ್ನುವುದು ನನಗೆ ಸಣ್ಣ ಮಾತಲ್ಲ ಎಂದು ಹೇಳಬೇಕಿತ್ತು. ಆ ಸನ್ಯಾಸಿನಿ ಅತ್ತಾಗ ನಾನೂ ಅತ್ತಿದ್ದೆ. ಅವಳು ಯಾರಿಗಾಗಿ ಬಾಗಿಲು ತೆರೆದಿಟ್ಟಳೋ ಅವನು ನಮ್ಮನೆಯ ದೇವರ ಗೂಡಿನಲ್ಲೂ ಇದ್ದಾನೆಂದು ನಂಬಿಯೇ ಕೇಳಿದ್ದೆ. ಅದನ್ನೆಲ್ಲ ಒಂದು ಮಾತಿನಲ್ಲಿ ಹೇಳಲು ಬರಲಿಲ್ಲ.

"ನಾನು ಹಿಂಗೇ ಬರ್ತೀನಿ," ಅಂದೆ. "ನೀವು ನಿಮ್ಮ ಚರ್ಚಿಗೆ ಹೋಗಿ, ಬೇಕಾದ್ರೆ ನಾನೂ ಜೊತೆಗೆ ಬಂದು ಕೂರ್ತೀನಿ. ಹೆಸರು ಮಾತ್ರ ಇದೇ ಇರ್ಲಿ, ತಾತ ಇಟ್ಟಿದ್ದು. ಸಂಜೆ ಹೊತ್ತು ಒಂದು ಓದು. ಸಾಲ್ದಾ?"

"ಅಮ್ಮ ಊರಿಗೆಲ್ಲ ಹೇಳ್ಬಿಟ್ಟವ್ಳೆ ರಂಜಿತಾ. ಈಗ ಇಲ್ಲ ಅಂದ್ರೆ ನೀನು ಇಷ್ಟು ದಿನ ನಾಟಕ ಆಡ್ದೆ ಅಂತಾರೆ."

"ಯಾರಂತಾರೆ?"

ಅವನು ಟ್ಯಾಂಕಿನ ಕಡೆಗೆ ತಿರುಗಿದ. ನಲ್ಲಿಯೊಂದು ಸರಿಯಾಗಿ ನಿಂತಿರಲಿಲ್ಲ. ಅದನ್ನು ತಿರುವಿ ನಿಲ್ಲಿಸಿದ.

"ನಾನೇ ಅಂತೀನಿ."

ಬಿಳಿ ಸೀರೆಯನ್ನು ಮಡಿಕೆ ಕೆಡದಂತೆ ಜ್ಞಾನಮ್ಮನವರ ಕೈಗೆ ಕೊಟ್ಟೆ. ಅವರು ಬಯ್ಯಲಿಲ್ಲ. ಬೈದಿದ್ದರೆ ನಾನು ಅವರ ಮುಖವನ್ನು ಮರೆಯಬಹುದಿತ್ತು.

*

ಓದು ನಿಲ್ಲಲಿಲ್ಲ. ಸಿಸ್ಟರಿಗೆ ಕೊಟ್ಟ ಮಾತಿತ್ತು. ಅವನು ಬರುತ್ತಿದ್ದ, ಕಿಟಕಿ ನೋಡಿಕೊಂಡು ಓದುತ್ತಿದ್ದ. ಗಂಟಲು ಮತ್ತೆ ಮೊದಲಿನಂತೆ ಮಗ್ಗದೆದುರಿನ ಗಂಟಲಾಯಿತು. ಗುರುತಿಗೆ ದಾರದ ಬದಲು ತಂತಿಯ ಕ್ಲಿಪ್ಪು ಹಾಕಿದ್ದ. ಎಲ್ಲಿಗೆ ನಿಲ್ಲಿಸಿದ್ದೆನೆಂದು ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ.

ಒಂದು ದಿನ ಬೇಕೆಂದೇ ಹೊಟ್ಟೆ ತುಂಬ ಚಿತ್ರಾನ್ನ ತಿಂದು, ಹೂವಿಲ್ಲದೆ ಬಂದು, ಬೆಂಚಿನ ಮೇಲೆ ಗೋಡೆಗೆ ಒರಗಿ ಕುಳಿತೆ. ನಾಟಕವೇ ಆದರೆ ನಿಲ್ಲಿಸಿ ತೋರಿಸುತ್ತೇನೆ ಎಂಬ ಹಟ. ಅವನು ಒಳಗೆ ಬಂದವನು ಬಾಗಿಲಲ್ಲೇ ನಿಂತು ಬೆಂಚು ನೋಡಿದ, ನೆಲದ ಮೇಲಿನ ನನ್ನ ಖಾಲಿ ಜಾಗ ನೋಡಿದ. ಅವತ್ತು ಒಂದೇ ಸಾಲನ್ನು ಎರಡು ಸಲ ಓದಿದ. ನನ್ನ ಕಿವಿಗೆ ಒಂದು ಮಾತೂ ಇಳಿಯಲಿಲ್ಲ. ತಾತ ಯಾಕೆ ಒರಗಬಾರದು ಅನ್ನುತ್ತಿದ್ದರೋ ಆಗ ತಿಳಿಯಿತು.

"ಯಾಕ್ಲಾ ಇನ್ನಾಸ, ಮಗ್ಗ ಓಡಿಸ್ದಂಗೆ ಓದ್ತೀಯ," ಎಂದು ಅಜ್ಜಿ ಗೊಣಗಿದರು. ಅವನು ಹಾಳೆ ಮಗುಚಿದ. ಅಜ್ಜಿ ನನ್ನ ಕಡೆ ತಿರುಗಿ ನೋಡಿದರು.

ಈಸ್ಟರ್ ಕಳೆಯಿತು. ಜಡಿಗೇನಹಳ್ಳಿಯ ಕಡೆ ಯಾರೋ ಹೊಸ ಶೆಡ್ಡು ಹಾಕುತ್ತಿದ್ದಾರೆ, ಇನ್ನಾಸ ಅಲ್ಲಿಗೇ ಹೋಗಿ ಇರುತ್ತಾನೆ, ಅಲ್ಲೇ ಹತ್ತಿರದ ಹುಡುಗಿಯನ್ನು ತಾಯಿ ನೋಡಿ ಬಂದಿದ್ದಾರೆ ಎಂದು ಸಿಸ್ಟರ್ ಲೀನಾ ಮಾತ್ರೆ ಎಣಿಸುತ್ತಿದ್ದ ನನಗೆ ಹೇಳಿದರು. ಹೇಳಿ ನನ್ನ ಭುಜ ಮುಟ್ಟಿದರು. ತಪ್ಪು ತಿಳಿದವರಲ್ಲಿ ತಾವೂ ಒಬ್ಬರು ಎಂಬುದು ಆ ಬೆರಳುಗಳಲ್ಲಿತ್ತು.

*

ಕೊನೆಯ ದಿನ ಅವನು ಕೊನೆಯ ಅಧ್ಯಾಯದ ಅಂಚಿಗೆ ಬಂದು ಪುಸ್ತಕ ಮುಚ್ಚಿದ. ನಾಳೆಯಿಂದ ಬರುವುದಿಲ್ಲ, ಸಿಸ್ಟರ್ ಮೊಬೈಲಿನಲ್ಲಿ ಬೇರೆ ಓದು ಹಾಕಿ ಕೇಳಿಸುತ್ತಾರೆ ಎಂದ. ಅಜ್ಜಿಯರು ಒಬ್ಬೊಬ್ಬರಾಗಿ ಅವನ ತಲೆ ಮುಟ್ಟಿ ಕಾಫಿಗೆ ಹೋದರು. ಮುನಿಗಂಗಮ್ಮ ಅಜ್ಜಿ ಮಾತ್ರ ತಲೆ ಮುಟ್ಟಲಿಲ್ಲ, ಕೋಲೂರಿಕೊಂಡು ಸುಮ್ಮನೆ ಎದ್ದು ಹೋದರು.

ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವನೆದುರು ನೆಲದ ಮೇಲೆ ಕುಳಿತೆ. ಒದ್ದೆ ಬಟ್ಟೆ ಬಿಚ್ಚಿ ಕನಕಾಂಬರವನ್ನು ಪುಸ್ತಕದ ಮೇಲಿಟ್ಟೆ.

"ಒಂದೇ ಅಧ್ಯಾಯ ಇರೋದು," ಅಂದೆ. "ಓದಿ ಮುಗಿಸ್ಬಿಡಿ. ಶುರು ಮಾಡಿದೋರು ನೀವು. ನಿಮ್ಮನ್ನ ಇನ್ನೇನೂ ಕೇಳಲ್ಲ."

ಅವನು ನನ್ನ ತುಟಿಗಳನ್ನು ನೋಡಿದ, ಮೊದಲ ದಿನದ ಹಾಗೆ, ಮಾತು ಮುಗಿದ ಮೇಲೂ. ಕೈ ಪುಸ್ತಕದ ಮೇಲೆ ಬಂತು. ತೆರೆಯುತ್ತಾನೆ ಎಂದುಕೊಂಡೆ. ಬೆನ್ನು ನೆಟ್ಟಗೆ ಮಾಡಿ ಕುಳಿತೆ.

ಅವನು ಹೂವನ್ನು ಎತ್ತಿ, ಒಂದು ಎಸಳೂ ಉದುರದ ಹಾಗೆ, ನನ್ನ ಮಡಿಲಿಗೆ ಹಾಕಿದ. ಪುಸ್ತಕವನ್ನು ಸಿಸ್ಟರಿನ ಬೀರುವಿನಲ್ಲಿಟ್ಟು ಬಾಗಿಲು ಹಾಕಿದ.

"ನನ್ನ ಹೆಗಲ ಮೇಲೆ ಬಿಟ್ಟು ಹೋಗ್ಬೇಡಿ," ಅಂದೆ.

ಹೊಸ್ತಿಲಲ್ಲಿ ನಿಂತ. ತಿರುಗಲಿಲ್ಲ.

"ನಾನು ಓದಲ್ಲ, ರಂಜಿತಾ."