ಗಾಜಿನಾಚೆಯವನು ಇಟ್ಟ ಸುದ್ದಿ

ಗಾಜಿನ ಆಚೆಯಿಂದ ಅವನು ಕೈ ಬೀಸಿದ. ನಾನೂ ಬೀಸಿದೆ.

ಅವನು ಮತ್ತೆ ಬೀಸಿದ, ಈ ಸಲ ಸ್ವಲ್ಪ ಜೋರಾಗಿ. ಎಷ್ಟು ಸ್ನೇಹದ ಮನುಷ್ಯನಪ್ಪಾ ಎಂದುಕೊಂಡು ನಾನು ಎರಡೂ ಕೈ ಬೀಸಿದೆ. ಅವನು ಹಣೆ ಚಚ್ಚಿಕೊಂಡ. ಮರುಕ್ಷಣ ನನ್ನ ಕಿವಿಯ ಮೇಲಿದ್ದ ಹೆಡ್‌ಫೋನಿನೊಳಗಿಂದ ಅವನ ದನಿ ಬಂತು.

"ನಮಸ್ಕಾರ. ನೀವು ತುಂಬಾ ಒಳ್ಳೆಯವರು. ಆದ್ರೆ ನಾನು ಹೇಳ್ತಿದ್ದಿದ್ದು, ಮೈಕಿಂದ ಸ್ವಲ್ಪ ಹಿಂದೆ ಸರೀರಿ ಅಂತ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಕಾಲೇಜಿನ ರೇಡಿಯೋ ಸ್ಟುಡಿಯೋದ ನೆಲ ಅದು, ದಪ್ಪ ಕಾರ್ಪೆಟ್ ಹಾಸಿ ಎಲ್ಲ ಸದ್ದನ್ನೂ ನುಂಗಿಕೊಂಡು ಕೂತಿತ್ತು.

ಡಿಗ್ರಿ ಮುಗಿಸಿ ನಾನು ಪತ್ರಿಕೋದ್ಯಮದ ಎಂ.ಎ.ಗೆ ಸೇರಿದ್ದೆ. ಬರೆಯುವುದನ್ನು ಕಲಿಸುತ್ತಾರೆಂದು ಸೇರಿದ್ದೇ ಹೊರತು ಮಾತಾಡಿಸುತ್ತಾರೆಂದು ಯಾರು ಕಂಡಿದ್ದರು? ಹಾಜರಿ ಕೂಗಿದಾಗ ನನ್ನ 'ಎಸ್ ಮೇಡಂ' ಮುಂದಿನ ಬೆಂಚಿಗೇ ಸುಸ್ತಾಗಿ ಕೂತುಬಿಡುತ್ತಿತ್ತು. ಕ್ಲಾಸಿನವರು ನನಗೆ ಇಟ್ಟ ಹೆಸರು 'ಪಿಸುಮಾತು'. ಅಂಥವಳನ್ನು ಮೇಡಂ ಬೆಳಗಿನ ನೇರಪ್ರಸಾರಕ್ಕೆ ಆರಿಸಿದಾಗ ಹಿಂದಿನ ಬೆಂಚಿನಲ್ಲಿ ಯಾರೋ, "ಕೇಳುಗರಿಗೆಲ್ಲ ಕಿವಿಯ ಮಷಿನ್ ಫ್ರೀ ಕೊಡ್ತಾರಂತೆ" ಎಂದರು.

ಕಾರ್ಯಕ್ರಮದ ನಿಯಮ ಮೇಡಂ ಅವರದೇ. ಅಂದಿನ ಪತ್ರಿಕೆಯಿಂದ ಕತ್ತರಿಸಿದ ಒಂದು ಸುದ್ದಿ ಮೈಕಿನ ಮುಂದೆ ಬೋರಲಾಗಿ ಬಿದ್ದಿರುತ್ತದೆ. ಕೆಂಪು ದೀಪ ಹತ್ತಿದ ಮೇಲೇ ಅದನ್ನು ತಿರುಗಿಸಬೇಕು, ಓದಬೇಕು, ಅನ್ನಿಸಿದ್ದನ್ನು ಹೇಳಬೇಕು.

"ಖಂಡಿಸ್ತೀನಿ, ವಿಷಾದಿಸ್ತೀನಿ, ಕಳವಳ ವ್ಯಕ್ತಪಡಿಸ್ತೀನಿ, ಇವೆಲ್ಲ ಬೇಡ. ಅದನ್ನ ಮಂತ್ರಿಗಳು ಮಾಡ್ಕೋತಾರೆ. ನಿಂಗೇನಾಯ್ತು? ಅದು ಹೇಳು," ಎಂದಿದ್ದರು ಮೇಡಂ.

ಸುದ್ದಿ ಆರಿಸಿ ಇಡುವ ಕೆಲಸ ಗಾಜಿನಾಚೆ ಕುಳಿತು ಧ್ವನಿ ನೋಡಿಕೊಳ್ಳುವವನದು. ಎಲೆಕ್ಟ್ರಾನಿಕ್ಸ್ ವಿಭಾಗದ ಕೊನೆ ವರ್ಷದವನು. ಕತ್ತಿನಿಂದ ಹೆಡ್‌ಫೋನ್ ಇಳಿದದ್ದನ್ನು ಕಂಡವರಿಲ್ಲವಾದ್ದರಿಂದ ಎಲ್ಲರ ಬಾಯಲ್ಲೂ ಅವನು 'ಹೆಡ್‌ಫೋನ್'.

ಆ ಮೊದಲ ಬೆಳಿಗ್ಗೆ ನಾನು ತಿರುಗಿಸಿದ ಸುದ್ದಿ ಹೀಗಿತ್ತು: ಮೃಗಾಲಯದಿಂದ ತಪ್ಪಿಸಿಕೊಂಡಿದ್ದ ಆಮೆ ಕೆಲವು ದಿನಗಳ ಹುಡುಕಾಟದ ನಂತರ ಮುಖ್ಯ ಗೇಟಿನ ಹತ್ತಿರವೇ ಪತ್ತೆ.

ತಲೆಯೆತ್ತಿದರೆ ಗಾಜಿನಾಚೆ ಅವನು ಗಲ್ಲಕ್ಕೆ ಕೈಯಾನಿಸಿ, ಅವಸರವೇ ಇಲ್ಲದವನಂತೆ ನೋಡುತ್ತಿದ್ದ. ಊರೆಲ್ಲ ಕೇಳುತ್ತಿದೆ ಎಂಬುದನ್ನು ಮರೆತು, ಡೈರಿಗೆ ಹೇಳಿಕೊಳ್ಳುವ ಹಾಗೆ ಹೇಳಿದೆ.

"ಇದು ತಪ್ಪಿಸಿಕೊಂಡಿತು ಅಂತ ಯಾಕೆ ಬರೆದಿದ್ದಾರೋ. ಪಾಪ, ಅದು ಹೊರಟಿತ್ತು ಅಷ್ಟೆ. ನನ್ನ ಮಾತೂ ಹೀಗೇ. ಯಾರಾದ್ರೂ ಏನಾದ್ರೂ ಕೇಳಿದ ಕೂಡ್ಲೇ ಉತ್ತರ ಹೊರಡುತ್ತೆ. ಗೇಟಿನ ತನಕ ಬರೋಷ್ಟರಲ್ಲಿ ಕೇಳಿದವರು ಮನೆಗೆ ಹೋಗಿರ್ತಾರೆ."

ಗಾಜಿನಾಚೆ ಸದ್ದಿಲ್ಲದ ನಗು. ಅವನ ಭುಜಗಳು ಕುಲುಕುತ್ತಿದ್ದವು. ಕಣ್ಣೊರೆಸಿಕೊಂಡು ಹೆಬ್ಬೆರಳೆತ್ತಿ ತೋರಿಸಿದ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮೊದಲೇ ಮುಚ್ಚಿಕೊಳ್ಳುತ್ತಿತ್ತು. ಅಷ್ಟು ದೂರದಿಂದ ಅದು ಹೇಗೆ ಕಂಡಿತೋ, ನನ್ನನ್ನು ಕೇಳಬೇಡಿ.

ನಾನಿದ್ದದ್ದು ಅಕ್ಕ-ಭಾವನ ಮನೆಯಲ್ಲಿ, ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ. ಅಕ್ಕನದು ಬೀದಿ ತಿರುವಿನಲ್ಲೊಂದು ಔಷಧಿ ಅಂಗಡಿ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ರೇಡಿಯೋ ಹಾಕುವಳು.

"ಏನೇ, ಕೆಮ್ಮಿನ ಔಷಧಿಗೆ ಬಂದವರು ನಿನ್ನ ಮಾತು ಕೇಳ್ತಾ ಕೆಮ್ಮೋದನ್ನೇ ಮರೆತ್ರು," ಎಂದಳು ಆ ಸಂಜೆ. "ಹೀಗೇ ಆದ್ರೆ ನನ್ನ ವ್ಯಾಪಾರದ ಗತಿ?"

ದಿನಗಳು ಹೋದವು. ಬೆಲೆ ಏರಿಕೆ, ಚುನಾವಣೆ, ಪರೀಕ್ಷೆ ಮುಂದೂಡಿಕೆ, ಎಲ್ಲದಕ್ಕೂ ನನ್ನೊಳಗೆ ಏನೋ ಒಂದು ಇರುತ್ತಿತ್ತು. ನನಗೇ ಆಶ್ಚರ್ಯ. ಪತ್ರಿಕೆಯ ಸುದ್ದಿ ಎಂದರೆ ಬೇರೆಯವರ ಮನೆಯ ವಿಷಯ ಎಂದುಕೊಂಡಿದ್ದವಳಿಗೆ, ಒಂದೊಂದೂ ನನ್ನ ಕದವನ್ನೇ ತಟ್ಟಿ ಬಂದಂತಿತ್ತು.

ಒಂದು ದಿನ ಮಾತ್ರ ಮಾತು ಬರಲಿಲ್ಲ. ಯುದ್ಧದ ಸುದ್ದಿ, ಜೊತೆಗೊಂದು ಚಿತ್ರ. ಕುಸಿದ ಮನೆಯ ಮುಂದೆ ಮುದುಕನೊಬ್ಬ ಬಾಗಿಲನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಿದ್ದ. ಮನೆಯಿಲ್ಲ, ಊರಿಲ್ಲ, ಬಾಗಿಲು ಮಾತ್ರ ಇದೆ. ಅದನ್ನು ಎಲ್ಲಿಗೆ ಕೊಂಡುಹೋಗುತ್ತಾನೆ? ಯಾವ ಗೋಡೆಗೆ? ಬಾಯಿ ತೆರೆದೆ, ಮುಚ್ಚಿದೆ. ನೇರಪ್ರಸಾರದಲ್ಲಿ ಮೌನ. ಹಾಗಾದರೆ ಕೂಡಲೇ ಹಾಡು ಹಾಕಬೇಕೆಂಬುದು ಅಲ್ಲಿಯ ಕಟ್ಟುನಿಟ್ಟಿನ ನಿಯಮ. ಅವನ ಕೈ ಗುಂಡಿಯ ಮೇಲಿತ್ತು. ನನ್ನನ್ನು ನೋಡಿದ. ಕೈ ಹಿಂದಕ್ಕೆ ತೆಗೆದುಕೊಂಡ.

ಕೊನೆಗೆ, "ಆ ಬಾಗಿಲನ್ನ ಯಾರಾದ್ರೂ ಇನ್ನೊಂದು ಕಡೆ ಹಿಡ್ಕೊಳ್ಳಲಿ," ಎಂದಷ್ಟೇ ಹೇಳಿ ಮುಗಿಸಿದೆ.

ಹೊರಗೆ ಬಂದಾಗ ಮೇಡಂ ಅವನಿಗೆ ಛೀಮಾರಿ ಹಾಕುತ್ತಿದ್ದರು. "ಅಷ್ಟು ಹೊತ್ತು ಸುಮ್ನೆ ಬಿಟ್ಯಲ್ಲಪ್ಪಾ! ಜನ ರೇಡಿಯೋ ಕೆಟ್ಟೋಯ್ತು ಅಂದ್ಕೊಳ್ಳಲ್ವಾ?"

"ಅನ್ನಿಸಿದ್ದನ್ನ ಹೇಳಬೇಕು ಅಂತ ತಾನೇ ಮೇಡಂ ನಿಯಮ?" ಅವನು ನೆಲ ನೋಡುತ್ತ ಹೇಳಿದ. "ಅವರು ಹೇಳ್ತಾನೇ ಇದ್ರು."

ಆ ಕ್ಷಣ ನನ್ನೆದೆಯಲ್ಲಿ ಏನೋ ಜಾರಿತು. ಎಲ್ಲಿ ಬಿತ್ತೆಂದು ಹುಡುಕಲೂ ಇಲ್ಲ. ಬಿದ್ದಲ್ಲೇ ಇರಲಿ ಎಂದು ಬಿಟ್ಟೆ.

ಅದಾದ ಮೇಲೆ ಸುದ್ದಿಗಳ ಬಣ್ಣವೇ ಬದಲಾಯಿತು. ಅಥವಾ ನನ್ನ ಕಣ್ಣಿನದು. 'ಒಂಟಿಯಾಗಿ ಊಟ ಮಾಡುವ ಯುವಜನರ ಸಂಖ್ಯೆ ಹೆಚ್ಚಳ: ಸಮೀಕ್ಷೆ' ಎಂಬುದು ಒಂದು ಬೆಳಿಗ್ಗೆ ಸಿಕ್ಕಿತು.

"ಒಂಟಿಯಾಗಿ ಉಣ್ಣೋದು ಇಷ್ಟ ಅಂತಲ್ಲ," ಎಂದೆ ಮೈಕಿಗೆ. "ಎದುರಿಗೆ ಯಾರಾದ್ರೂ ಕೂತ್ರೆ, ಮೊದಲು ಯಾರು ಮಾತಾಡಬೇಕು ಅನ್ನೋ ಯೋಚನೇಲೇ ಊಟ ಆರಿಹೋಗುತ್ತೆ."

ಅಂದು ಮಧ್ಯಾಹ್ನ ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ನಾನು ತಟ್ಟೆಗೆ ಕೈ ಹಾಕುವಷ್ಟರಲ್ಲಿ ಎದುರಿನ ಕುರ್ಚಿ ಕಿರ್ರೆಂದಿತು.

"ಮೊದಲು ನಾನೇ ಮಾತಾಡ್ತೀನಿ. ಕೊನೇಗೂ ನಾನೇ ಮಾತಾಡ್ತೀನಿ," ಎಂದ ಹೆಡ್‌ಫೋನ್. "ನೀವು ಊಟ ಬಿಸಿಯಾಗಿರೋವಾಗ್ಲೇ ತಿನ್ನಿ."

ಹೇಳಿದಂತೆಯೇ ಮಾಡಿದ. ಅವನ ಅಮ್ಮ ಹೊಲಿಗೆ ಯಂತ್ರ ತುಳಿಯುವ ಸದ್ದಿನಲ್ಲೇ ಅವಳ ಮನಸ್ಸು ಸರಿಯಿದೆಯೋ ಇಲ್ಲವೋ ಗೊತ್ತಾಗುತ್ತದೆ ಎಂದ. ತಾನು ಸದ್ದಿನ ಹಿಂದೆ ಬಿದ್ದದ್ದು ಅಲ್ಲಿಂದಲೇ ಎಂದ. ನನ್ನ ದನಿಯಲ್ಲಿ ಸುಳ್ಳು ಬಂದರೆ ಧ್ವನಿ ಅಳೆಯುವ ಮೀಟರಿನ ಮುಳ್ಳಿಗೂ ಗೊತ್ತಾಗುತ್ತದೆ ಎಂದ.

"ಹೌದಾ?" ಎಂದೆ.

"ಇಲ್ಲ. ನಂಗೆ ಗೊತ್ತಾಗುತ್ತೆ."

ನಾನು ಅನ್ನದಲ್ಲಿ ಇಲ್ಲದ ಕಲ್ಲನ್ನು ಹುಡುಕತೊಡಗಿದೆ.

ಹೀಗೆ ನಮ್ಮ ಮಾತುಕತೆ ನಡೆಯಿತು. ಬೆಳಿಗ್ಗೆ ಅವನೊಂದು ಸುದ್ದಿ ಇಡುವನು, ನಾನು ಊರಿಗೆಲ್ಲ ಕೇಳುವಂತೆ ಉತ್ತರಿಸುವೆನು. ಬೇರೆಯವರ ಪಾಲಿಗೆ ಅದು ವಿದ್ಯಾರ್ಥಿನಿಯೊಬ್ಬಳ ಅನಿಸಿಕೆ. ನಾನು ಮಾತ್ರ ಪ್ರತಿ ತುಣುಕಿನಲ್ಲೂ ಅವನ ಪ್ರಶ್ನೆಯನ್ನೇ ಓದುತ್ತಿದ್ದೆ. ಆದರೆ ಒಂದು ಕೊರತೆ. ಸುದ್ದಿಯಿಲ್ಲದೆ, ನಾನಾಗಿ, ಅವನ ಮುಖ ನೋಡಿ ಒಂದೇ ಒಂದು ಮಾತು ಹೇಳಿದವಳಲ್ಲ.

ವರ್ಷದ ಕೊನೆಯ ವಾರ ಬಂತು. ಆಮೇಲೆ ಸ್ಟುಡಿಯೋ ಬೇರೆ ತಂಡಕ್ಕೆ. ಅವನ ಓದೂ ಮುಗಿಯುತ್ತದೆ. ಗಾಜು ಇಲ್ಲದಿದ್ದರೆ ಅವನು ನನ್ನತ್ತ ನೋಡುವುದಕ್ಕೆ ಕಾರಣವೇನು, ನಾನು ಅವನತ್ತ ನೋಡುವುದಕ್ಕೆ ನೆಪವೇನು?

"ಊರಿಗೆಲ್ಲ ಹೇಳ್ತೀಯ, ಅವನೊಬ್ಬನಿಗೆ ಹೇಳೋಕೆ ಏನೇ ಧಾಡಿ?" ಎಂದಳು ಅಕ್ಕ.

"ಯಾರಿಗೆ?"

"ನಾನು ಮಾತ್ರೆ ಮಾರೋಳು ಕಣೇ. ಜ್ವರ ಇಲ್ಲ ಅಂತ ನನ್ನ ಹತ್ರಾನೇ ಹೇಳ್ಬೇಡ."

ಆ ವಾರದ ನಡುವೆ ಒಂದು ಸಂಜೆ ಅವನು ಕಾರಿಡಾರಿನಲ್ಲಿ ತಡೆದ. ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, "ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಪೇಪರಲ್ಲಲ್ಲ, ಹೀಗೇ," ಎಂದ.

ಎಷ್ಟು ದಿನದಿಂದ ಕಾದಿದ್ದ ಮಾತು! ನಾನು ಏನು ಹೇಳಿದೆ ಗೊತ್ತೇ? "ನಂಗೆ ಬಸ್ಸಿಗೆ ಹೊತ್ತಾಯ್ತು."

ನಡೆದು ಹೋಗುವ ಮನೆಗೆ ಬಸ್ಸು! ಓಡಿದ ರಭಸಕ್ಕೆ ಚಪ್ಪಲಿಯ ಉಂಗುಷ್ಠವೇ ಕಿತ್ತುಬಂತು. ಅವನು ಹಿಂದೆಯೇ ನಿಂತಿದ್ದನೋ ಏನೋ, ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಗಾಜಿನಾಚೆ ಅವನಿರಲಿಲ್ಲ. ಗುಂಡಿಗಳ ಮುಂದೆ ಮೇಡಂ ಕನ್ನಡಕ ಏರಿಸಿಕೊಂಡು ತಡಕಾಡುತ್ತಿದ್ದರು. ಮೇಜಿನ ಮೇಲೆ ತುಣುಕು ಮಾತ್ರ ಎಂದಿನಂತೆ ಬೋರಲಾಗಿತ್ತು. ಇಟ್ಟು ಹೋಗಿದ್ದಾನೆ. ಇಟ್ಟು, ಹೋಗಿದ್ದಾನೆ!

ಕೆಂಪು ದೀಪ ಹತ್ತಿತು. ತಿರುಗಿಸಿದೆ. 'ಹತ್ತುವವರಿಲ್ಲದ ಕಾರಣ ಬೆಳಗಿನ ಪುಟ್ಟ ರೈಲು ಮುಂದಿನ ವಾರದಿಂದ ರದ್ದು.'

ಇದಕ್ಕಿಂತ ಬಿಡಿಸಿ ಹೇಳುವುದುಂಟೇ? ಒಳ್ಳೆಯತನದಿಂದಲೇ ಹೇಳಿದ್ದಾನೆ, ಸದ್ದಿಲ್ಲದೆ, ಅವನ ರೀತಿಯಲ್ಲಿ. ಸುಮ್ಮನಿದ್ದುಬಿಡೋಣ ಎನ್ನಿಸಿತು. ಆಗಲೇ ನನ್ನ ದನಿ ಹೊರಟುಬಿಟ್ಟಿತ್ತು.

"ಹತ್ತುವವರಿಲ್ಲ ಅಂತ ಯಾರು ಹೇಳಿದ್ದು? ಯಾರಾದ್ರೂ ಇಳಿದು ಬಂದು ಪ್ಲಾಟ್‌ಫಾರ್ಮ್ ನೋಡಿದ್ರಾ? ಅಲ್ಲೊಬ್ಬಳು ದಿನಾ ಬಂದು ನಿಲ್ತಾಳೆ. ಕಂಬದ ಹಿಂದೆ ನಿಲ್ತಾಳೆ, ಅದು ಅವಳ ತಪ್ಪು. ರೈಲು ಬರೋ ಸದ್ದು ಎಲ್ಲರಿಗಿಂತ ಮೊದಲು ಅವಳಿಗೇ ಕೇಳುತ್ತೆ. ಬಂದು ನಿಂತಾಗ ಮಾತ್ರ ಕಾಲು ಏಳಲ್ಲ. ಹೆದರಿಕೆ ಅಷ್ಟೆ, ಇಷ್ಟ ಇಲ್ಲ ಅಂತ ಅಲ್ಲ. ಅವಳಿಗೆ ಬೇರೆ ರೈಲು ಬೇಡ. ಬಸ್ಸಂತೂ ಬೇಡವೇ ಬೇಡ! ನಿನ್ನೆ ಸುಳ್ಳು ಹೇಳಿದೆ. ನಂಗೆ ಯಾವ ಬಸ್ಸೂ ಇಲ್ಲ. ದಯವಿಟ್ಟು ರದ್ದು ಮಾಡ್ಬೇಡಿ. ಇನ್ನೊಂದೇ ಒಂದು ಸಲ ಬಂದು ನಿಲ್ಲಿ. ನಾನು ಹತ್ತುತ್ತೀನಿ."

ಮೇಡಂ ಬಾಯಿ ತೆರೆದಿತ್ತು. ತೆರೆದ ಬಾಯಲ್ಲೇ ಹಾಡು ಹಾಕಿದರು. ಅಪರೂಪಕ್ಕೆ ಸರಿಯಾದ ಗುಂಡಿಯನ್ನೇ ಒತ್ತಿದ್ದರು.

ನಾನು ಮೇಜಿಗೆ ಹಣೆಯಿಟ್ಟು ಕೂತೆ. ಹಾಡು ಮುಗಿದು, ಇನ್ನೊಂದು ಹಾಡು ಬಂದು, ಅದು ಮುಗಿಯುವ ಮುಂಚೆ ಸ್ಟುಡಿಯೋದ ಭಾರದ ಬಾಗಿಲು ತೆರೆದುಕೊಂಡಿತು. ಅವನು. ಬೆವರಿಳಿಯುತ್ತಿತ್ತು, ಬಲಗೈ ಪೂರ್ತಿ ಸೈಕಲ್ ಚೈನಿನ ಮಸಿ. ಉಸಿರು ಸಿಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಚೈನು... ಔಷಧಿ ಅಂಗಡಿ ಮುಂದೆ ಕಳಚಿಕೊಳ್ತು. ಹಾಕ್ತಾ ಇದ್ದೆ. ಒಳಗೆ ರೇಡಿಯೋ. ಅಂಗಡಿಯವರು ಹೊರಗೆ ಬಂದು ನನ್ನ ಕತ್ತು ನೋಡಿದ್ರು. 'ಹೆಡ್‌ಫೋನ್ ನೀನೇನಾ? ಸೈಕಲ್ ನಾನು ನೋಡ್ಕೋತೀನಿ, ನೀನು ಓಡೋ!' ಅಂದ್ರು. ಯಾರು ಅವರು?"

"ನಮ್ಮಕ್ಕ," ಎಂದೆ, ಹಣೆ ಎತ್ತದೆ.

"ಒಂದು ವಿಷಯ ಹೇಳ್ಬೇಕು. ಆ ರೈಲಿನ ಸುದ್ದಿ ನಾನಿಟ್ಟಿದ್ದಲ್ಲ."

ತಲೆಯೆತ್ತಿದೆ. ಅವನ ಬೆನ್ನ ಹಿಂದಿನಿಂದ ಮೇಡಂ ಇಣುಕಿದರು. "ನಾನಿಟ್ಟಿದ್ದು ಕಣಮ್ಮ. ಇವನು ಬರ್ಲಿಲ್ಲ, ಹೊತ್ತಾಯ್ತು. ಸಾರಿಗೆ ಸಮಸ್ಯೆ, ಜನರಿಗೆ ಬೇಕಾದ ವಿಷಯ ಅಂತ ಕತ್ತರಿಸಿದೆ. ನಂಗೇನು ಗೊತ್ತಿತ್ತು?" ಎಂದವರೇ, ತಮ್ಮ ಕೋಣೆಯ ಫೋನ್ ಹೊಡೆದುಕೊಳ್ಳುತ್ತಿದೆ ಎಂದು ನೆನಪಾದವರಂತೆ ಹೊರಟುಹೋದರು. ಫೋನ್ ನಿಜವಾಗಿಯೂ ಹೊಡೆದುಕೊಳ್ಳುತ್ತಿತ್ತು. ಆ ಪುಟ್ಟ ರೈಲಿನ ಪರವಾಗಿ ಊರಿನಲ್ಲಿ ಅಷ್ಟು ಜನರಿದ್ದಾರೆಂದು ರೈಲ್ವೆಯವರಿಗೂ ಗೊತ್ತಿರಲಿಕ್ಕಿಲ್ಲ.

ಹಾಗಾದರೆ ಅವನು ಏನನ್ನೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ನಾನು ಊರ ಮುಂದೆ ಉತ್ತರ ಕೊಟ್ಟಿದ್ದೆ.

ನನ್ನ ಮುಖ ನೋಡಿ ಅವನಿಗೆ ಏನನ್ನಿಸಿತೋ, ಮಸಿಯ ಕೈಯನ್ನು ಬೆನ್ನ ಹಿಂದೆ ಅಡಗಿಸಿ ಮೆಲ್ಲಗೆ ಹೇಳಿದ. "ನೀವು ರೈಲಿನ ಬಗ್ಗೆ ಹೇಳಿದ್ರಿ ಅಂತ್ಲೇ ಇಟ್ಕೊಳ್ಳೋಣ. ನಿಮಗೆ ಹಾಗಿದ್ರೆ ಸುಲಭ ಅನ್ಸಿದ್ರೆ, ನಾನೇನೂ ಕೇಳ್ಲಿಲ್ಲ. ನಿಜವಾಗ್ಲೂ."

ಓಡಿಹೋಗಲು ಎಷ್ಟು ಅಗಲದ ದಾರಿ! ತಾನೇ ತೆರೆದು, ತಾನೇ ಪಕ್ಕಕ್ಕೆ ಸರಿದು ನಿಂತಿದ್ದ. ನನ್ನ ಕೈಯಲ್ಲಿ ಸುದ್ದಿಯಿರಲಿಲ್ಲ. ನಡುವೆ ಗಾಜಿರಲಿಲ್ಲ. ಕೆಂಪು ದೀಪವೂ ಆರಿತ್ತು.

"ರೈಲಿನ ಬಗ್ಗೆ ಅಲ್ಲ," ಎಂದೆ.

ಎಡಗಣ್ಣು ಮೊದಲು ಮುಚ್ಚಿಕೊಂಡಿತು. ಆಮೇಲೆ ಬಲಗಣ್ಣು. ನಗು ಬರಲು ಮಾತ್ರ ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

"ನಿಮಗೆ ಅಂತ ಇವತ್ತು ಎಲ್ಲ ಪೇಪರ್‌ಗಳನ್ನೂ ಜಾಲಾಡಿದೆ," ಎಂದ ಕೊನೆಗೆ. "ತಡವಾಗಿದ್ದು ಅದಕ್ಕೇ. ನಿನ್ನೆ ಕೇಳೋಕಾಗದೇ ಇದ್ದಿದ್ದಕ್ಕೆ ಸರಿಹೊಂದೋ ಸುದ್ದಿ ಒಂದೂ ಸಿಗ್ಲಿಲ್ಲ. ಕೊನೇಗೆ ಹವಾಮಾನ ವರದಿ ಕತ್ತರಿಸಿಕೊಂಡು ಬಂದೆ."

"ಅದರಲ್ಲಿ ಏನಿದೆ?"

"ಸಾಧಾರಣ ಗಾಳಿ."

ನಾನು ನಕ್ಕೆ. ಜೋರಾಗಿ, ಸದ್ದು ಮಾಡಿ ನಕ್ಕೆ. ಕಾರ್ಪೆಟ್ಟಿಗೂ ಅದನ್ನು ನುಂಗಲಾಗಲಿಲ್ಲ.

"ಹಾಗಾದ್ರೆ ಪೇಪರ್ ಬಿಡು," ಎಂದೆ. "ನೀನೇ ಕೇಳು."

ಅದೊಂದು 'ನೀನು' ಬಾಯಿಂದ ಬಿದ್ದದ್ದು ನನಗೂ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಅಷ್ಟೂ ದಿನ ಮೊದಲೂ ಕೊನೆಗೂ ತಾನೇ ಮಾತಾಡಿದ ಮನುಷ್ಯ, ತುಟಿ ಅಲುಗಿಸುತ್ತಾನೆ, ದನಿಯೇ ಇಲ್ಲ! ಕೇಳಬೇಕಾದದ್ದನ್ನು ಮೂರು ಸಲ ಶುರು ಮಾಡಿ ಮೂರು ಸಲವೂ ನಿಲ್ಲಿಸಿದ. ನಾನು ಗಲ್ಲಕ್ಕೆ ಕೈಯಾನಿಸಿ, ಅವಸರವೇ ಇಲ್ಲದವಳಂತೆ, ನೋಡುತ್ತ ಕೂತೆ.

ಕೊನೆಗೆ ಆ ಪ್ರಶ್ನೆಯನ್ನೂ ನಾನೇ ಕೇಳಿದೆ, ಉತ್ತರವನ್ನೂ ನಾನೇ ಹೇಳಿದೆ. ಅವನು ಹೂಂಗುಟ್ಟಿದ. ಎರಡಕ್ಕೂ.